ಕುಂಕುಮ ಕಪ್ಪಾಗುವ ತನಕ

ಸಾಗರದ ಕಡೆಯ ದೊಡ್ಡಮ್ಮನ ಮನೆಯ ಜಗಲಿಯಲ್ಲಿ ನನ್ನ ಅಜ್ಜಿಯ ಫೋಟೊ ಒಂದಿದೆ. ಅಜ್ಜಿ ತೀರಿಕೊಂಡ ಮೇಲೆ ದೊಡ್ಡಮ್ಮ ತವರಿನಿಂದ ಕೇಳಿ ತಂದುಕೊಂಡದ್ದು ಅದೊಂದನ್ನೇ. ಮದುವೆಯಾದ ಹೊಸತರಲ್ಲಿ ಪೇಟೆಯ ಸ್ಟುಡಿಯೊಗೆ ಹೋಗಿ ತೆಗೆಸಿದ ಚಿತ್ರ. ಹಿಂದೆ ಬಣ್ಣ ಬಳಿದ ಪರದೆ, ಪಕ್ಕದಲ್ಲಿ ಹೂದಾನಿ ಇಟ್ಟ ಎತ್ತರದ ಸ್ಟೂಲು, ಅಜ್ಜಿಯ ಕಣ್ಣಿನಲ್ಲಿ ತುಸು ಹೆದರಿಕೆ. ಹಣೆಯ ಮೇಲೆ ನಾಲ್ಕಾಣೆಯಷ್ಟು ಅಗಲದ ಕುಂಕುಮ, ಕಾಡಿಗೆಯಷ್ಟು ಕಪ್ಪು. ನೋಡುವವರ ದೃಷ್ಟಿ ಮೊದಲು ಆ ಬೊಟ್ಟಿಗೆ ಹೋಗಿ ನಿಂತು, ಆಮೇಲೆ ಕಣ್ಣುಗಳಿಗೆ ಇಳಿಯುತ್ತದೆ.

ದೊಡ್ಡಮ್ಮನಿಗೆ ಈಗ ಎಂಬತ್ತು ದಾಟಿದೆ. ಮುಖ ಥೇಟ್ ಅಜ್ಜಿಯದೇ. ಅವಳದೂ ಅಂಥದೊಂದು ಚಿತ್ರ ಇರಬೇಕು ಎಂದು ಹೊರಟೆ. ಮೂರು ವರ್ಷ ಹಿಡಿಯಿತು, ಆರು ರೋಲು ಖರ್ಚಾದವು.

ನನ್ನ ಕ್ಯಾಮೆರಾ ಯಾಶಿಕಾ-ಮ್ಯಾಟ್ 124ಜಿ. 1970ರಿಂದ 1986ರ ತನಕ ಜಪಾನಿನಲ್ಲಿ ತಯಾರಾದ ಮಾದರಿ. ನನಗೆ ಸಿಗುವಷ್ಟರಲ್ಲಿ ಇಬ್ಬರ ಕೈ ದಾಟಿತ್ತು. ಎರಡು ಕಣ್ಣಿನ ಪೆಟ್ಟಿಗೆ ಅದು. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ, ಎರಡೂ 80 ಮಿ.ಮೀ. ಇದಕ್ಕೆ ಬೇಕಾದ 120 ರೋಲನ್ನು ಕೊಡಾಕ್ 1901ರಲ್ಲಿ ಮಾರುಕಟ್ಟೆಗೆ ತಂದಿತು, ಇವತ್ತಿಗೂ ಅದೇ ಅಳತೆಯಲ್ಲಿ ಸಿಗುತ್ತದೆ. ಒಂದು ರೋಲಿಗೆ ಹನ್ನೆರಡು ಚಿತ್ರ. ನೆಗೆಟಿವ್ 56 ಮಿ.ಮೀ. ಚೌಕ, ಅಂದರೆ 35 ಮಿ.ಮೀ. ರೋಲಿನ ಒಂದು ಫ್ರೇಮಿನ ಮೂರೂವರೆ ಪಟ್ಟಿಗೂ ಮಿಕ್ಕಿದ ವಿಸ್ತಾರ. ಮುಖ ತೆಗೆಯುವವನಿಗೆ ಇದರ ಲಾಭ ಬರಿಯ ಸ್ಪಷ್ಟತೆಯಲ್ಲ. ಕೆನ್ನೆಯ ಮೇಲಿನ ಬೆಳಕು ಕಿವಿಯ ಕಡೆಗೆ ಸರಿಯುತ್ತ ನೆರಳಾಗುತ್ತದಲ್ಲ, ಆ ಇಳಿಜಾರು ಎಲ್ಲಿಯೂ ತುಂಡಾಗದೆ ಬರುತ್ತದೆ. ಮುದುಕರ ಚರ್ಮಕ್ಕೆ ಇದಕ್ಕಿಂತ ಹೆಚ್ಚು ನ್ಯಾಯ ಮಾಡುವ ಸಾಧನವನ್ನು ನಾನು ಕಂಡಿಲ್ಲ.

ಕ್ಯಾಮೆರಾದೊಳಗಿನ ಮೀಟರನ್ನು ನಾನು ನಂಬುವುದಿಲ್ಲ. ಅದು 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಮಾಡಿದ್ದು, ಆ ಸೆಲ್ ಈಗ ಮಾರಾಟಕ್ಕಿಲ್ಲ, 1.5 ವೋಲ್ಟಿನದು ಹಾಕಿದರೆ ಲೆಕ್ಕ ತಪ್ಪುತ್ತದೆ. ಕೈ ಮೀಟರನ್ನು ಮುಖದ ಹತ್ತಿರ ಹಿಡಿದು, ಅಲ್ಲಿ ಬೀಳುವ ಬೆಳಕನ್ನೇ ಅಳೆಯುತ್ತೇನೆ. ಹೊಳೆಯುವ ಮೂಗುತಿಗೂ ಹೊಗೆ ಹಿಡಿದ ಗೋಡೆಗೂ ಆಗ ಲೆಕ್ಕ ಕೆಡಿಸುವ ಅವಕಾಶವಿರುವುದಿಲ್ಲ.

ಮೊದಲ ರೋಲಿನಲ್ಲಿ ಕಲಿತದ್ದು ಫೋಕಸ್. ಒಂದು ಮೀಟರಿಗಿಂತ ಸ್ವಲ್ಪ ದೂರದಲ್ಲಿ ಕುಳಿತವರನ್ನು ಎಫ್ 3.5ರಲ್ಲಿ, ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆದರೆ ಸ್ಪಷ್ಟವಾಗಿ ಬರುವ ಆಳ ಏಳೆಂಟು ಸೆಂಟಿಮೀಟರ್ ಮಾತ್ರ. ದೊಡ್ಡಮ್ಮ ಮಾತನಾಡುವಾಗ ತಲೆ ಹಿಂದೆ ಮುಂದೆ ಮಾಡುತ್ತಾಳೆ. ಹನ್ನೆರಡರಲ್ಲಿ ಏಳು ಚಿತ್ರಗಳಲ್ಲಿ ಮೂಗುತಿ ಚೂಪಾಗಿದೆ, ಕಣ್ಣು ಮಂಜಾಗಿದೆ. ಅಂದಿನಿಂದ ಎಫ್ 5.6ಕ್ಕಿಂತ ಕೆಳಗೆ ಇಳಿಯಲಿಲ್ಲ. ದೊಡ್ಡಮ್ಮನನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದೆ. ಕಂಬಕ್ಕೆ ಬೆನ್ನು ಕೊಟ್ಟರೆ ತಲೆಯೂ ತಾನಾಗಿ ಒಂದೆಡೆ ನಿಲ್ಲುತ್ತದೆ.

ಬೆಳಕು ಸಿಕ್ಕಿದ್ದು ಅಂಗಳದಿಂದ. ದಸರೆ ಕಳೆದು ಮಳೆ ನಿಂತ ಮೇಲೆ, ಬೆಳಗಿನ ಒಂಬತ್ತರಿಂದ ಹತ್ತೂವರೆ ತನಕ ಆ ಜಗಲಿಗೆ ನೇರ ಬಿಸಿಲು ಬೀಳುವುದಿಲ್ಲ, ಎದುರಿನ ಅಂಗಳ ಮಾತ್ರ ಬೆಳಗುತ್ತಿರುತ್ತದೆ. ಮುಖದ ಒಂದು ಪಕ್ಕಕ್ಕೆ ಆ ಬೆಳಕು ಬರುತ್ತದೆ. ಇನ್ನೊಂದು ಪಕ್ಕ ತೀರಾ ಕತ್ತಲಾದಾಗ ದೊಡ್ಡಪ್ಪನ ಬಿಳಿ ಪಂಚೆಯನ್ನು ಬೆಂಚಿನ ಮೇಲೆ ಹರಡಿದೆ. ಅಷ್ಟು ಸಾಕಾಯಿತು. ಇಲ್ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ಎಂಬ ಕಪ್ಪು ಬಿಳುಪು ರೋಲಿನ ವೇಗವನ್ನು 400ರ ಬದಲು 200 ಎಂದು ಲೆಕ್ಕ ಹಿಡಿದು, 1/30 ಸೆಕೆಂಡಿನಲ್ಲಿ ತೆಗೆದೆ. ನೆರಳಿಗೆ ಒಂದು ಸ್ಟಾಪ್ ಹೆಚ್ಚು, ಅಂದರೆ ದುಪ್ಪಟ್ಟು ಬೆಳಕು ಉಣಿಸಿದರೆ ಸುಕ್ಕುಗಳ ಒಳಗೂ ವಿವರ ಉಳಿಯುತ್ತದೆ.

ಕ್ಯಾಮೆರಾ ಹೊಟ್ಟೆಯ ಮಟ್ಟದಲ್ಲಿರುತ್ತದೆ, ನಾನು ತಲೆ ಬಗ್ಗಿಸಿ ಗಾಜನ್ನು ನೋಡುತ್ತಿರುತ್ತೇನೆ. ಅದರಲ್ಲಿ ಎಡ ಬಲ ಅದಲು ಬದಲು. ಮೊದಲ ದಿನ ದೊಡ್ಡಮ್ಮ ಕೇಳಿದ್ದಳು:

"ಫೋಟೊ ತೆಗೆಯುತ್ತೇನೆಂದು ಬಂದು ಬಾವಿ ಇಣುಕುತ್ತಿದ್ದೀಯಲ್ಲ, ಮಾಣಿ. ನನ್ನನ್ನು ನೋಡುವುದು ಯಾವಾಗ?"

ಎರಡನೆಯ ರೋಲಿನ ಹೊತ್ತಿಗೆ ನಾನು ಇಣುಕುವುದು ಅವಳಿಗೆ ಮರೆತೇ ಹೋಗಿತ್ತು. ಮುಖಕ್ಕೆ ಕ್ಯಾಮೆರಾ ಅಡ್ಡ ಹಿಡಿಯದಿದ್ದರೆ ಮಾತು ನಿಲ್ಲುವುದಿಲ್ಲ. ಅಡಿಕೆ ಕೊಯ್ಯುವ ಕೊನೆಗೌಡ ಬಾರದ ದೂರು, ಮಗಳ ಮನೆಯ ಗೃಹಪ್ರವೇಶ, ತಂಬುಳಿಗೆ ಒಂದೆಲಗ ಸಿಗದ ಬೇಸರ ಎಲ್ಲವೂ ಹರಿದು ಬಂದವು. ಮಾತು ಮುಗಿದು ಅವಳು ಅಂಗಳದ ಕಡೆ ನೋಡುತ್ತ ಸುಮ್ಮನಾಗುವ ಒಂದೆರಡು ಕ್ಷಣಕ್ಕಾಗಿ ಶಟರಿನ ಕೇಬಲ್ ಹಿಡಿದು ಕಾಯುತ್ತಿದ್ದೆ. ಈ ಕ್ಯಾಮೆರಾದಲ್ಲಿ ಮೇಲಕ್ಕೇಳುವ ಕನ್ನಡಿ ಇಲ್ಲ. ಸದ್ದು ಎಂದರೆ ಉಗುರಿನಿಂದ ಮೇಜು ತಟ್ಟಿದಷ್ಟೇ.

ಆ ಎರಡನೆಯ ರೋಲು ಬೇರೆಲ್ಲ ರೀತಿಯಲ್ಲಿ ಸರಿಯಾಗಿತ್ತು. ಕಣ್ಣು ಚೂಪು, ಬೆಳಕು ಮೃದು. ಆದರೆ ಹಣೆಯ ಮೇಲೆ ಕುಂಕುಮವೇ ಇರಲಿಲ್ಲ. ಇತ್ತು, ಹಣೆಯ ಬಣ್ಣದೊಳಗೆ ಕರಗಿತ್ತು. ಭೂತಗನ್ನಡಿ ಹಿಡಿದರೆ ಮಾತ್ರ ಅಂಚು ಕಾಣುತ್ತಿತ್ತು. ದಿನವೂ ಬೆಳಿಗ್ಗೆ ಮಿಂದು ಬಂದು ಕನ್ನಡಿಯ ಮುಂದೆ ನಿಂತು ಇಡುವ ಕುಂಕುಮ ಅದು. ಅದನ್ನು ಅಳಿಸಿ ತೆಗೆದ ಹಾಗಿದ್ದ ಚಿತ್ರವನ್ನು, ದೊಡ್ಡಪ್ಪ ಬದುಕಿರುವ ಮನೆಗೆ ನಾನು ಹೇಗೆ ಕೊಂಡೊಯ್ಯಲಿ? ಕೊಡಲಿಲ್ಲ.

ಮೂರನೆಯ ರೋಲು ಹಾಳಾದದ್ದು ನನ್ನ ಕೈಯಲ್ಲಿಯೇ. ರೋಲನ್ನು ನಾನೇ ತೊಳೆಯುತ್ತೇನೆ. ಮಾರ್ಚ್ ತಿಂಗಳ ಶಿವಮೊಗ್ಗ, ಮಧ್ಯಾಹ್ನ, ಫ್ಯಾನಿಲ್ಲದ ಕೋಣೆ. ಕಪ್ಪು ಚೀಲದೊಳಗೆ ತೋಳು ತೂರಿಸಿ ಫಿಲ್ಮನ್ನು ಸುರುಳಿಗೆ ಏರಿಸುವಾಗ ಬೆರಳು ಬೆವರಿ ಫಿಲ್ಮ್ ಅಂಟಿಕೊಂಡಿತು. 120ರ ಫಿಲ್ಮ್ ಅಗಲ, ತೆಳು, ಒತ್ತಿದರೆ ಮಡಿಯುತ್ತದೆ. ತೊಳೆದು ನೋಡಿದರೆ ನಾಲ್ಕು ಫ್ರೇಮುಗಳ ಮೇಲೆ ಅರ್ಧಚಂದ್ರದ ಗುರುತು, ಒಂದಂತೂ ಸರಿಯಾಗಿ ಕೆನ್ನೆಯ ಮೇಲೆ. ಈಗ ಬೆಳಗಿನ ಜಾವವೇ ಆ ಕೆಲಸ ಮುಗಿಸುತ್ತೇನೆ, ಒಂದು ವ್ಯರ್ಥ ಫಿಲ್ಮ್ ಇಟ್ಟುಕೊಂಡು ಬೆಳಕಿನಲ್ಲಿ ಕಣ್ಣು ಮುಚ್ಚಿ ಹತ್ತಾರು ಸಲ ಅಭ್ಯಾಸ ಮಾಡಿದ್ದೇನೆ. ನೀರು 28 ಡಿಗ್ರಿ ಇರುವಾಗ ಬಕೆಟಿಗೆ ಮಂಜುಗಡ್ಡೆಯ ಬಾಟಲಿ ಇಳಿಸಿ, ಚಿತ್ರ ಮೂಡಿಸುವ ಡೆವಲಪರನ್ನು 20ಕ್ಕೆ ತರುತ್ತೇನೆ. ಐಡಿ-11 ಎಂಬ ಆ ಡೆವಲಪರ್ ಒಂದು ಪಾಲು, ನೀರು ಒಂದು ಪಾಲು. 400ರಲ್ಲಿ ತೆಗೆದ ಎಚ್‌ಪಿ5ಗೆ ಇಲ್ಫರ್ಡ್ ಹೇಳುವುದು 13 ನಿಮಿಷ, 200ರಲ್ಲಿ ತೆಗೆಯುವ ನಾನು 11ಕ್ಕೆ ನಿಲ್ಲಿಸುತ್ತೇನೆ. ಕೊನೆಯ ತೊಳೆತಕ್ಕೆ ನಲ್ಲಿ ಬಿಟ್ಟು ಕೂರುವುದಿಲ್ಲ. ಟ್ಯಾಂಕಿಗೆ ನೀರು ತುಂಬಿ ಐದು ಸಲ ಬೋರಲು ಮಾಡಿ ಚೆಲ್ಲುವುದು, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಇದೂ ಇಲ್ಫರ್ಡ್ ಹೇಳಿಕೊಟ್ಟ ಕ್ರಮವೇ. ಬೇಸಗೆಯಲ್ಲಿ ನೀರಿಗೆ ಒದ್ದಾಡುವ ಊರುಗಳಿಗೆ ಇದು ದೊಡ್ಡ ಉಪಕಾರ.

ಕುಂಕುಮದ ಗುಟ್ಟು ಬಿಚ್ಚಿದವರು ಒಬ್ಬ ಹಿರಿಯ ಸ್ಟುಡಿಯೊ ಮಾಲೀಕರು. ಅವರು ಸ್ಟುಡಿಯೊ ಮುಚ್ಚುವಾಗ, ನೆಗೆಟಿವನ್ನು ದೊಡ್ಡದಾಗಿಸಿ ಪ್ರಿಂಟ್ ಹಾಕುವ ಎನ್ಲಾರ್ಜರನ್ನು ನಾನು ಕೊಂಡಿದ್ದೆ. ಮೂಟೆ ಕಟ್ಟುತ್ತ ಒಂದು ಕೆಂಪು ಬಲ್ಬನ್ನು ಕೈಗೆತ್ತಿಕೊಂಡು ಹೇಳಿದರು:

"ನಮ್ಮ ತಂದೆಯವರು ಇದನ್ನು ಹಾಕಿಕೊಂಡೇ ನೆಗೆಟಿವ್ ತೊಳೆಯುತ್ತಿದ್ದರು. ಟ್ರೇಯಲ್ಲಿ ಮುಖ ಮೂಡುವುದನ್ನು ನೋಡುತ್ತಲೇ ಸಾಕು ಎಂದು ಎತ್ತುತ್ತಿದ್ದರು."

ನನಗೆ ಅಲ್ಲಿಯೇ ಹೊಳೆಯಿತು. ನಾನು ಬಳಸುವ ಫಿಲ್ಮಿಗೆ ಕೆಂಪು ಬಲ್ಬಿನ ಒಂದು ಕಿರಣ ತಾಗಿದರೂ ಕಪ್ಪಾಗಿ ಹೋಗುತ್ತದೆ. ಅವರ ತಂದೆ ಕೆಂಪು ದೀಪದಲ್ಲಿ ಕೆಲಸ ಮಾಡುತ್ತಿದ್ದರು ಎಂದರೆ ಅವರ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ನೀಲಿ, ಹಸಿರು ಕಾಣುತ್ತದೆ, ಕೆಂಪು ಅದರ ಪಾಲಿಗೆ ಕತ್ತಲೆ. ಅಜ್ಜಿಯ ಹಣೆಯ ಕುಂಕುಮ ಕಾಡಿಗೆಯಾದದ್ದು ಹಾಗೆ. ಆ ಚಿತ್ರದಲ್ಲಿ ಸೀರೆಯೂ ಕಪ್ಪಾಗಿಯೇ ಇದೆ. ಅದರ ಬಣ್ಣ ಯಾವುದಿತ್ತು ಎಂದು ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. "ಕೆಂಪು. ನಾನು ಚಿಕ್ಕವಳಿದ್ದಾಗ ಅದನ್ನೇ ಹೊದ್ದು ಮಲಗುತ್ತಿದ್ದೆ" ಎಂದಳು.

ಮೊದಲು ಇದ್ದ ಫಿಲ್ಮಿನಲ್ಲಿಯೇ ಸಾಧಿಸಲು ನೋಡಿದೆ. ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿದರೆ ಕೆಂಪು ತಡೆದು ಕುಂಕುಮ ಗಾಢವಾಗುತ್ತದೆ. ಆಯಿತು ಕೂಡ. ಆದರೆ ಅದು ಸುಮಾರು ಎರಡು ಸ್ಟಾಪ್ ಬೆಳಕು ನುಂಗಿತು. 1/30 ಇದ್ದದ್ದು 1/8ಕ್ಕೆ ಇಳಿಯಿತು. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲುಗದೆ ನಿಂತಿತ್ತು, ಉಸಿರಾಡುವ ಮನುಷ್ಯರು ನಿಲ್ಲಬೇಕಲ್ಲ. ನಾಲ್ಕನೆಯ ರೋಲಿನಲ್ಲಿ ಕುಂಕುಮ ಸಿಕ್ಕಿತು, ದೊಡ್ಡಮ್ಮ ಅದುರಿದಳು.

ಇಲ್ಫರ್ಡ್ 2019ರಲ್ಲಿ ಆರ್ಥೊ ಪ್ಲಸ್ ಎಂಬ ಫಿಲ್ಮನ್ನು 120 ರೋಲಿನಲ್ಲಿಯೂ ತಂದಿತ್ತು. ಹಗಲಿನ ಬೆಳಕಿಗೆ ಅದರ ವೇಗ 80, ಹಳದಿ ಬಲ್ಬಿನ ಬೆಳಕಿಗೆ 40. ಆ ಎರಡನೆಯ ಅಂಕಿಯನ್ನು ನಾನು ಓದಿಯೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಐದನೆಯ ರೋಲನ್ನು ಸಂಜೆ ತೆಗೆದೆ, ಅಂಗಳವೆಲ್ಲ ಹೊಂಬಣ್ಣಕ್ಕೆ ತಿರುಗಿದ್ದಾಗ. ಕೆಂಪು ಕಾಣದ ಫಿಲ್ಮಿಗೆ ಸಂಜೆಯ ಬೆಳಕು ಅರ್ಧ ಬೆಳಕು. ನೆಗೆಟಿವ್ ಗಾಜಿನಷ್ಟು ತೆಳುವಾಗಿ ಬಂದವು.

ಆರನೆಯದನ್ನು ಬೆಳಿಗ್ಗೆ ತೆಗೆದೆ. ಆಕಾಶ ತೆಳುವಾಗಿ ಮೋಡ ಕಟ್ಟಿತ್ತು. ಕುರ್ಚಿಯನ್ನು ಜಗಲಿಯ ಅಂಚಿಗೆ ಎಳೆದದ್ದರಿಂದ ಒಂದು ಸ್ಟಾಪ್ ಬೆಳಕು ಹೆಚ್ಚು ದೊರೆಯಿತು, ಎಫ್ 5.6, 1/15 ಸೆಕೆಂಡ್. ಕುರ್ಚಿಯ ಬೆನ್ನಿಗೆ ದಿಂಬು ಕಟ್ಟಿ ಅದಕ್ಕೆ ತಲೆ ಆನಿಸಿ ಕೂರಿಸಿದೆ. ಒಂಬತ್ತು ಚಿತ್ರ ದೊಡ್ಡಮ್ಮನದು. ಉಳಿದ ಮೂರಕ್ಕೆ ದೊಡ್ಡಪ್ಪ ಉಣ್ಣೆಯ ಟೊಪ್ಪಿ ತೆಗೆಯಲೊಪ್ಪದೆ ಹಾಗೆಯೇ ಕುಳಿತರು.

ಆ ರೋಲನ್ನು ನಾನು ಕೆಂಪು ಬಲ್ಬಿನ ಕೆಳಗೆ ಸುರುಳಿಗೆ ಏರಿಸಿದೆ, ಅದೇ ಹಿರಿಯರ ಬಲ್ಬು. ಚೀಲ ಬೇಕಾಗಲಿಲ್ಲ, ಬೆರಳು ಏನು ಮಾಡುತ್ತಿದೆ ಎಂದು ಕಣ್ಣಾರೆ ಕಂಡೆ. ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೊ ದ್ರಾವಣದಿಂದ ಎತ್ತಿ ದೀಪಕ್ಕೆ ಹಿಡಿದಾಗ ಏಳನೆಯ ಫ್ರೇಮಿನಲ್ಲಿ ಹಣೆಯ ನಡುವೆ ದುಂಡಗೆ, ನೀರಿನಷ್ಟು ತಿಳಿಯಾದ ಒಂದು ಬೊಟ್ಟು. ನೆಗೆಟಿವ್‌ನಲ್ಲಿ ತಿಳಿ ಇದ್ದದ್ದು ಪ್ರಿಂಟಿನಲ್ಲಿ ಕಪ್ಪು.

ಈ ಫಿಲ್ಮ್ ಎಲ್ಲ ಮುಖಗಳಿಗೂ ಒಗ್ಗುತ್ತದೆ ಎಂದು ನಾನು ಹೇಳುವುದಿಲ್ಲ. ಕೆಂಪು ಛಾಯೆ ಇರುವುದೆಲ್ಲ ಗಾಢವಾಗುವುದರಿಂದ ತುಟಿ ಕಪ್ಪಿಡುತ್ತದೆ, ಕೆನ್ನೆಯ ಕಲೆಗಳು ಎದ್ದು ಕಾಣುತ್ತವೆ, ಸುಕ್ಕು ಆಳವಾಗುತ್ತದೆ. ಹಳೆಯ ಸ್ಟುಡಿಯೊಗಳಲ್ಲಿ ಟಚಿಂಗ್ ಮಾಡುವವರೆಂದೇ ಒಬ್ಬರು ಇರುತ್ತಿದ್ದರು. ಚೂಪು ಸೀಸದ ಕಡ್ಡಿಯಿಂದ ನೆಗೆಟಿವ್ ಮೇಲೆ ಗೀಚಿ ಕಲೆ, ಸುಕ್ಕು ತುಂಬುತ್ತಿದ್ದರು. ಅಂಗೈ ಅಗಲಕ್ಕೂ ಮಿಕ್ಕಿದ ಹಾಫ್ ಪ್ಲೇಟ್ ನೆಗೆಟಿವ್‌ಗೆ ಅದು ನಡೆಯುತ್ತಿತ್ತು. ನನ್ನ ಎರಡು ಅಂಗುಲದ ಚೌಕದಲ್ಲಿ ದೊಡ್ಡಮ್ಮನ ಮುಖ ಹೆಬ್ಬೆರಳಿನ ಉಗುರಿನಷ್ಟೇ ಇದೆ. ಅಷ್ಟಲ್ಲದೆ ಆ ಸುಕ್ಕುಗಳನ್ನು ಅಳಿಸುವ ಮನಸ್ಸೂ ನನಗಿರಲಿಲ್ಲ.

ಹತ್ತು ಅಂಗುಲದ ಪ್ರಿಂಟನ್ನು ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಕೊಂಡೊಯ್ದೆ. ದೊಡ್ಡಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಅಂಚು ಹಿಡಿದು ನೋಡಿದಳು. ಕೆನ್ನೆಯ ಮೇಲಿನ ಕಲೆ ಮುಟ್ಟಿ "ಇದು ಇಷ್ಟು ದೊಡ್ಡದಿದೆಯೇ?" ಎಂದು ದೊಡ್ಡಪ್ಪನನ್ನು ಕೇಳಿದಳು. ಅವರು ಕನ್ನಡಕ ಹುಡುಕುತ್ತಿದ್ದರು. ಆಮೇಲೆ ಎದ್ದು ಹೋಗಿ ಗೋಡೆಯ ಮೇಲಿನ ಅಜ್ಜಿಯ ಪಕ್ಕಕ್ಕೆ ಪ್ರಿಂಟ್ ಹಿಡಿದು, ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದಳು.

"ಅಮ್ಮ ಇದಕ್ಕಿಂತ ತುಸು ಕೆಳಗೆ ಇಟ್ಟುಕೊಳ್ಳುತ್ತಿದ್ದಳು" ಎಂದಳು.

ಅಲ್ಲಿಯೇ ಮೊಳೆ ಹೊಡೆದು ಹಾಕಲೇ ಎಂದು ಕೇಳಿದೆ. ಬೇಡವೆಂದಳು. ಆ ಗೋಡೆಯಲ್ಲಿರುವವರೆಲ್ಲ ತೀರಿಕೊಂಡವರು. ಪ್ರಿಂಟನ್ನು ಒಳಗೆ ಒಯ್ದು, ಕಪಾಟಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟು, ಬಾಗಿಲು ಹಾಕಿ ಕಾಫಿ ಮಾಡಲು ಹೋದಳು.