ವಾಬಲ್ ಬೇಸ್: ಮಂಡ್ಯದ ಬಿನ್‌ಗಳಲ್ಲಿ ನಾನು ಕೂರಿಸಿದ್ದು ಹೀಗೆ

ವಾಬಲ್ ಅಂದರೆ "ವಬ್ ವಬ್" ಅಂತ ಅಲುಗಾಡುವ ಬೇಸ್. ಫ್ರೀ ಸಿಂತ್‌ನಲ್ಲಿ (ಸದ್ದು ಹುಟ್ಟಿಸುವ ಸಾಫ್ಟ್‌ವೇರ್) ಒಳ್ಳೇ ವಾಬಲ್ ಬರಲ್ಲ, ಬಂದರೂ ಮೆರವಣಿಗೆಯ ಬಿನ್‌ನಲ್ಲಿ (ದೊಡ್ಡ ಬೇಸ್ ಸ್ಪೀಕರ್ ಪೆಟ್ಟಿಗೆ) ಕೇಳಲ್ಲ ಅಂತ ಬೆಂಗಳೂರಿನಲ್ಲಿ ಟ್ರ್ಯಾಕ್ ಮಾಡುವ ಗೆಳೆಯರು ಹೇಳುತ್ತಲೇ ಇದ್ದರು. ಮಂಡ್ಯದ ಸೌಂಡ್ ಅಣ್ಣನ ಮಾತು ಇನ್ನೂ ನೇರ. ನನ್ನ ಪೆನ್‌ಡ್ರೈವ್ ಹಾಕಿ ಅರ್ಧ ನಿಮಿಷ ಕೇಳಿದರು. "ಏನ್ಲಾ ಇದು, ಪಂಪ್‌ಸೆಟ್ ಮೋಟ್ರು ಕಚ್ಕೊಂಡಂಗದೆ. ತಗಿ ತಗಿ" ಅಂದರು. ಈ ಸಲ ಗಣೇಶನ ಹಬ್ಬಕ್ಕೆ ಮುಂಚೆ ಅದೇ ಅಣ್ಣ ತಾವಾಗಿಯೇ ಫೋನ್ ಮಾಡಿ ಫೈಲ್ ಕೇಳಿದ್ದಾರೆ. ಇನ್ನು ಬರೆಯಬಹುದು ಅನ್ನಿಸಿತು.

ಆಸಿಲೇಟರ್ ಸದ್ದು ಹುಟ್ಟಿಸುತ್ತದೆ, ಫಿಲ್ಟರ್ ಅದರ ಒಂದು ಭಾಗ ಕತ್ತರಿಸುತ್ತದೆ, ಎಲ್‌ಎಫ್‌ಒ ಗುಂಡಿಯನ್ನು ತಾನೇ ತಾಳಕ್ಕೆ ಆಡಿಸುತ್ತದೆ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳಲ್ಲ. ಒಂದು ಸಾ ವೇವ್‌ಗೆ ಲೋ ಪಾಸ್ ಹಾಕಿ, ಕಟಾಫ್‌ಗೆ (ಫಿಲ್ಟರ್ ಕತ್ತರಿಸಲು ಶುರುಮಾಡುವ ಜಾಗ) ಎಲ್‌ಎಫ್‌ಒ ಕಟ್ಟಿ "ವಬ್ ವಬ್" ಅನ್ನಿಸುವವರೆಗೆ ಎಲ್ಲರೂ ಬಂದಿರುತ್ತೀರಿ. ತಲೆನೋವು ಶುರುವಾಗೋದು ಅದರ ಆಚೆ.

ಮೊದಲು ದುಡ್ಡಿನ ಲೆಕ್ಕ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ 26-27 ಸಾವಿರ. ಆಡಿಯೊ ಇಂಟರ್‌ಫೇಸ್ 9 ಸಾವಿರದ ಹತ್ತಿರ. ಹೆಡ್‌ಫೋನ್ 7 ಸಾವಿರ ಚಿಲ್ಲರೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನ ಲೈಸೆನ್ಸ್ 60 ಡಾಲರ್. ಸೀರಮ್ ಅನ್ನೋ ಸಿಂತನ್ನು ತಿಂಗಳಿಗೆ 10 ಡಾಲರ್ ಕಟ್ಟುವ ಸ್ಕೀಮಿನಲ್ಲಿ ತೆಗೆದುಕೊಂಡು ಕೆಲವು ಕಂತು ಕಟ್ಟಿದೆ. ಆಮೇಲೆ ಕಂತು ನಿಲ್ಲಿಸಿ ವೈಟಲ್‌ಗೆ ಬಂದೆ. 2020ರಲ್ಲಿ ಬಂದ ಸಿಂತ್ ಅದು. ಫ್ರೀ ಆವೃತ್ತಿಯಲ್ಲಿ ಪ್ರೀಸೆಟ್ (ರೆಡಿ ಸದ್ದು), ವೇವ್‌ಟೇಬಲ್ (ಆಸಿಲೇಟರ್ ನುಡಿಸುವ ಅಲೆಗಳ ಸಾಲು) ಕಡಿಮೆ, ಅಷ್ಟೇ. ಎಲ್‌ಎಫ್‌ಒ ಕೈಯಲ್ಲೇ ಬರೆಯಬಹುದು. ಪ್ರೀಸೆಟ್ ಯಾರಿಗೆ ಬೇಕು, ಅಲ್ವಾ?

ಸುಮ್ನೆ ಹೋದ ದುಡ್ಡು ಅಂದರೆ ಗೋಡೆಗೆ ಅಂಟಿಸಿದ ಫೋಮ್. ನಾಲ್ಕೈದು ಸಾವಿರ ಆಯಿತು. ಎಲ್ಲರ ವಿಡಿಯೊದಲ್ಲೂ ಇರುತ್ತದಲ್ಲ, ಅದೇ. 50 ಹರ್ಟ್ಜ್ ಅಲೆಯ ಉದ್ದ ಸುಮಾರು 7 ಮೀಟರ್. ಕುವೆಂಪುನಗರದ ನನ್ನ ಮಹಡಿ ರೂಮೇ ಅದರ ಅರ್ಧದಷ್ಟಿದೆ. ಎರಡು ಇಂಚಿನ ಫೋಮ್ ಅಲ್ಲಿ ಏನು ಮಾಡುತ್ತದೆ? ಕೀರಲು ಸದ್ದು ಕಡಿಮೆಯಾಯಿತು, ಬೇಸ್ ಇದ್ದ ಹಾಗೇ ಗುಂಯ್‌ಗುಡುತ್ತಿತ್ತು. ಕೊನೆಗೆ ಮನೆಯ ಹಳೇ ಹತ್ತಿ ಹಾಸಿಗೆಗಳನ್ನು ಸುತ್ತಿ ಎರಡು ಮೂಲೆಗೆ ನಿಲ್ಲಿಸಿದೆ. ಅಮ್ಮ ಬೈದರು. ಫೋಮ್‌ಗಿಂತ ಅದೇ ವಾಸಿ. ಆದರೂ 60ರ ಕೆಳಗಿನದ್ದನ್ನು ನಾನು ಈಗಲೂ ರೂಮಿನಲ್ಲಿ ನಂಬುವುದಿಲ್ಲ. ಹೆಡ್‌ಫೋನ್‌ನಲ್ಲಿ ಕೇಳುತ್ತೇನೆ, ಸ್ಪೆಕ್ಟ್ರಮ್ ನೋಡುತ್ತೇನೆ.

ಇನ್ನು ಆ ಮೋಟರ್ ಸದ್ದು ಯಾಕೆ ಬರುತ್ತಿತ್ತು ಅನ್ನುವುದು. ಯೂಟ್ಯೂಬ್ ಪಾಠಗಳಲ್ಲಿ ಜಾಸ್ತಿ ಜನ ಪೂರ್ತಿ ಬೇಸ್ ಅನ್ನೇ ಒಂದು ಫಿಲ್ಟರ್ ಒಳಗೆ ತಳ್ಳುತ್ತಾರೆ. ಹೆಡ್‌ಫೋನ್‌ನಲ್ಲಿ ಭರ್ಜರಿಯಾಗಿ ಕೇಳುತ್ತದೆ. ಬಾಡಿಗೆ ಸೆಟ್‌ನಲ್ಲಿ ಕಥೆಯೇ ಬೇರೆ. ಫಿಲ್ಟರ್ ಮುಚ್ಚಿದಾಗ ಸಬ್ (ತೀರಾ ಕೆಳಗಿನ ಬೇಸ್) ಕೂಡ ಕುಗ್ಗುತ್ತದೆ. ತೆರೆದಾಗ ಎಲ್ಲವೂ ಒಟ್ಟಿಗೆ ಮೇಲೇಳುತ್ತದೆ. ರೆಸೊನೆನ್ಸ್ (ಕಟಾಫ್ ಹತ್ತಿರದ ಸದ್ದನ್ನು ಉಬ್ಬಿಸುವ ಗುಂಡಿ) ಏರಿಸಿದ್ದರೆ ಕಟಾಫ್ ಮೂಲಸ್ವರದ ಮೇಲೆ ಹಾದುಹೋಗುವಾಗ ಅಲ್ಲೊಂದು ಗುಡ್ಡ ಬೇರೆ. ಸೌಂಡ್ ಅಣ್ಣನ ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವುದು) ಪ್ರತಿ ಏರಿಕೆಗೂ ಹಿಡಿದುಕೊಳ್ಳುತ್ತದೆ, ಬಿಡುವಷ್ಟರಲ್ಲಿ ಮುಂದಿನ ಕಿಕ್ ಡ್ರಮ್ ಪೆಟ್ಟು ಹೋಗಿರುತ್ತದೆ. ಕಿಕ್ ಇಲ್ಲ, ಸಬ್ ಇಲ್ಲ, ಬರೀ ಗೊರಗೊರ. ಯೂನಿಸನ್‌ನಲ್ಲಿ (ಒಂದೇ ಸ್ವರದ ಹಲವು ಪ್ರತಿ) ಏಳು ವಾಯ್ಸ್‌ಗಳ ಶ್ರುತಿ ಚೂರುಚೂರು ಸರಿಸಿ ಸಬ್‌ವರೆಗೂ ಬಿಟ್ಟಿದ್ದರೆ ಕೆಳಗಿನ ಅಲೆಗಳು ಒಂದನ್ನೊಂದು ತಿಂದುಹಾಕುತ್ತವೆ. ಆಗ ಒಂದು ಸ್ವರ ಗಟ್ಟಿ, ಮುಂದಿನದು ಟೊಳ್ಳು.

ನಾನು ಮಾಡಿದ್ದು ಸಬ್ ಅನ್ನು ಪೂರ್ತಿ ಬೇರೆ ಟ್ರ್ಯಾಕ್‌ಗೆ ತೆಗೆದದ್ದು. ಒಂದೇ ಸೈನ್ ವೇವ್, ಮೊನೊ. ಫಿಲ್ಟರ್ ಇಲ್ಲ, ಯೂನಿಸನ್ ಇಲ್ಲ, ಎಲ್‌ಎಫ್‌ಒ ಇಲ್ಲ. ಪ್ರತಿ ಸ್ವರಕ್ಕೂ ಅಲೆ ಸೊನ್ನೆಯಿಂದ ಶುರು. ಅದು ಅಲುಗಾಡುವುದೇ ಇಲ್ಲ. ಗೆಳೆಯರು ಇದನ್ನು ಕೇಳಿ, "ಮಗಾ, ಸಬ್ ಆಡದೇ ಇದ್ರೆ ಅದು ಹೆಂಗ್ ವಾಬಲ್ ಆಗತ್ತೆ?" ಅಂತ ನಕ್ಕಿದ್ದರು. ಜನಕ್ಕೆ ವಾಬಲ್ ಕೇಳಿಸೋದು ಬಿನ್‌ನಿಂದಲ್ಲ, ಟಾಪ್‌ನಿಂದ, ಅಂದರೆ ಬೇಸ್‌ಗಿಂತ ಮೇಲಿನ ಸದ್ದು ಕೊಡುವ ಸ್ಪೀಕರ್‌ನಿಂದ. 150ರಿಂದ 2000 ಹರ್ಟ್ಜ್ ನಡುವೆ ಆಟ ನಡೆದರೆ ಸಾಕು, ಕೆಳಗಿನದ್ದೂ ಆಡುತ್ತಿದೆ ಅಂತಲೇ ಕಿವಿ ಅಂದುಕೊಳ್ಳುತ್ತದೆ. ಇನ್ನೊಂದು ಲಾಭ, ಫೋನ್ ಸ್ಪೀಕರ್‌ನಲ್ಲೂ ವಾಬಲ್ ಉಳಿಯುತ್ತದೆ.

ಸ್ವರದ ಆಯ್ಕೆಯಲ್ಲೂ ಒಂದು ಪಾಠ ಕಲಿತೆ. ವಾಬಲ್‌ಗೆ ಹೆಸರಾದ ಡಬ್‌ಸ್ಟೆಪ್ ಸಂಗೀತದವರಿಗೆ ಎಫ್ ಸ್ವರ ಅಂದರೆ ಪ್ರಾಣ. ಆ ಎಫ್ ಸುಮಾರು 44 ಹರ್ಟ್ಜ್. ನಮ್ಮ ಕಡೆಯ 18 ಇಂಚಿನ ಬಿನ್‌ಗಳಲ್ಲಿ ಅಷ್ಟು ಕೆಳಗೆ ಬರೀ ಗಾಳಿ ಬರುತ್ತದೆ, ಸದ್ದು ಬರಲ್ಲ. ಸ್ಪೀಕರ್ ಕಾಪಾಡಿಕೊಳ್ಳಲು 40ರ ಆಸುಪಾಸಿನಲ್ಲೇ ಕತ್ತರಿಸಿಯೂ ಇರುತ್ತಾರೆ. ಟ್ರ್ಯಾಕ್ ಅನ್ನು ಜಿಗೆ ಏರಿಸಿದೆ, 49 ಹರ್ಟ್ಜ್. ಜೋರಿನ ಭಾಗ ಎ, 55. ಎರಡೇ ಹೆಜ್ಜೆ ಮೇಲೆ ಹೋಗಿದ್ದಕ್ಕೆ ಎದೆಗೆ ಬಂದು ಬಡಿಯಿತು.

ವಾಬಲ್ ಇರುವ ಮಿಡ್ ಟ್ರ್ಯಾಕ್‌ಗೆ 110 ಹರ್ಟ್ಜ್ ಹತ್ತಿರ ಹೈ ಪಾಸ್ (ಅದರ ಕೆಳಗಿನದ್ದನ್ನು ತೆಗೆಯುವ ಫಿಲ್ಟರ್), 24 ಡಿಬಿ ಇಳಿಜಾರು. ಎರಡು ಆಸಿಲೇಟರ್, ಯೂನಿಸನ್ ಮೂರು ಅಥವಾ ನಾಲ್ಕು, ಅದಕ್ಕಿಂತ ಜಾಸ್ತಿ ಬೇಡ. ಕಟಾಫ್ 150ರಿಂದ 1800ರವರೆಗೆ ಓಡಾಡುತ್ತದೆ. ರೆಸೊನೆನ್ಸ್ 20 ಪರ್ಸೆಂಟ್ ಒಳಗೆ. ಫಿಲ್ಟರ್‌ಗೆ ಮುಂಚೆ ಮೆತ್ತನೆಯ ಡಿಸ್ಟಾರ್ಶನ್, ಆಮೇಲೆ ಒರಟು ಡಿಸ್ಟಾರ್ಶನ್. ಮುಂಚಿನದು ಮಾತ್ರ ಇದ್ದರೆ ಸದ್ದು ತೀರಾ ಸಭ್ಯ. ಆಮೇಲಿನದು ಮಾತ್ರ ಇದ್ದರೆ ಫಿಲ್ಟರ್ ಮುಚ್ಚಿದಾಗ ಸದ್ದು ಸತ್ತೇಹೋಗುತ್ತದೆ. ಎರಡರ ನಡುವೆ ಒಂದು ಇಕ್ಯೂ ಇದೆ. ಅದರಲ್ಲಿ ಎಲ್ಲಿ ಎಷ್ಟು ಏರಿಸಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಕೊನೆಗೆ ಒಟಿಟಿ ಅನ್ನೋ ಕಂಪ್ರೆಸರ್ (ಸದ್ದಿನ ಏರಿಳಿತ ಕುಗ್ಗಿಸುವುದು), ಅದೂ 25 ಪರ್ಸೆಂಟ್ ಮಾತ್ರ. ಪೂರ್ತಿ ಹಾಕಿದವರ ಟ್ರ್ಯಾಕ್‌ಗಳೆಲ್ಲ ಒಂದೇ ಥರ ಕೇಳುತ್ತವೆ.

ಎಲ್‌ಎಫ್‌ಒ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ. 140 ಬಿಪಿಎಂನಲ್ಲಿ (ನಿಮಿಷಕ್ಕೆ 140 ಬೀಟ್) ಎಂಟನೇ ಒಂದು ನೋಟ್ ಅಂದರೆ ಸೆಕೆಂಡಿಗೆ ಸುಮಾರು 4.7 ಸಲ. ಅದರ ಟ್ರಿಪ್ಲೆಟ್ (ಎರಡರ ಜಾಗದಲ್ಲಿ ಮೂರು) ಅಂದರೆ ಸರಿಯಾಗಿ 7. ಡಬ್‌ಸ್ಟೆಪ್ ಹುಟ್ಟಿದ ಲಂಡನ್ನಿನ ಕ್ರಾಯ್ಡನ್‌ನ ಹುಡುಗರಿಗೆ ನೇರ ನಡೆ ಒಪ್ಪುತ್ತಿತ್ತೇನೋ. ಮಂಡ್ಯದ ಗುತ್ತಲು ರಸ್ತೆಯಲ್ಲಿ ತಮಟೆ ಜೊತೆ ಕುಣಿಯುವ ಹುಡುಗರ ಕಾಲು ಜಾಸ್ತಿ ಹೊತ್ತು ಮೂರರ ನಡೆಯಲ್ಲೇ ಇರುತ್ತದೆ. ಅದಕ್ಕೆ ತಮಟೆಯವರದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆ. ಅದರ ಪೆಟ್ಟುಗಳ ಮೇಲೆ ಎರಡು ಬಾರ್ ಉದ್ದದ ಎಲ್‌ಎಫ್‌ಒ ಕೈಯಲ್ಲೇ ಬರೆದೆ. ಮೊದಲ ಪೆಟ್ಟಿಗೆ ಥಟ್ಟಂತ ಏರಿಕೆ, ನಿಧಾನಕ್ಕೆ ಇಳಿಕೆ. ಕೋಲಿನ ಸಣ್ಣ ಪೆಟ್ಟಿಗೆ ಅರ್ಧ ಎತ್ತರ. ಕೊನೆಯ ಪೆಟ್ಟು ತುಸು ತಡ. ಎಷ್ಟು ತಡ ಅಂತ ಕೇಳಬೇಡಿ, ಗ್ರಿಡ್ ಆಫ್ ಮಾಡಿ ಕಿವಿಯಲ್ಲೇ ಇಟ್ಟಿದ್ದು. ಪ್ರತಿ ಸ್ವರಕ್ಕೂ ಎಲ್‌ಎಫ್‌ಒ ಮತ್ತೆ ಮೊದಲಿಂದ ಶುರುವಾಗಬೇಕು. ಇಲ್ಲದಿದ್ದರೆ ಪ್ಲೇ ಒತ್ತಿದಾಗಲೆಲ್ಲ ಬೇರೆ ಬೇರೆ ಥರ ಬರುತ್ತದೆ.

ನಡುವೆ ಮೋರ್ಸಿಂಗ್ ಹಿಂದೆ ಬಿದ್ದೆ. ಆ ಒಂದು ವಾರ ಬೇರೆ ಕೆಲಸವೇ ಆಗಲಿಲ್ಲ. ಯೋಚಿಸಿ ನೋಡಿ, ಮೋರ್ಸಿಂಗ್ ಅಂದರೆ ವಾಬಲ್ ಬೇಸೇ. ಉಕ್ಕಿನ ನಾಲಿಗೆ ಒಂದೇ ಶ್ರುತಿ ಕೊಡುತ್ತದೆ. ಫಿಲ್ಟರ್ ಕೆಲಸ ಪೂರ್ತಿ ನಮ್ಮ ಬಾಯಿಯದ್ದು. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಮೃದಂಗ ಕಲಿಸುವ ಮೇಷ್ಟ್ರೊಬ್ಬರು ತಮ್ಮದನ್ನು ತಂದು, ನಾಲಿಗೆ ತುದಿಗೆ ಚೂರು ಮೇಣ ಮೆತ್ತಿ ಶ್ರುತಿ ಇಳಿಸಿ, ನನ್ನ ಮೈಕ್ ಮುಂದೆ ನುಡಿಸಿದರು. ದುಡ್ಡು ಬೇಡ ಅಂದರು, ಕಾಫಿ ಕುಡಿದರು. "ಇದನ್ನ ಹಾಳು ಮಾಡ್ಬೇಡ್ರೀ" ಅಂತ ಮಾತ್ರ ಹೇಳಿ ಹೋದರು. ಆ ಫೈಲನ್ನು ವೈಟಲ್‌ಗೆ ಎಳೆದು ಹಾಕಿದರೆ ವೇವ್‌ಟೇಬಲ್ ಆಗುತ್ತದೆ. ಮೊದಲು ಪೂರ್ತಿ ಫೈಲ್ ಹಾಕಿದಾಗ ಬರೀ ಕರಕರ. ಒಂದೇ ಮೀಟನ್ನು ಕತ್ತರಿಸಿ, "ಓ"ಯಿಂದ "ಈ"ವರೆಗೆ ಬಾಯಿ ತೆರೆದ ತುಂಡನ್ನಷ್ಟೇ ಹಾಕಿದೆ. ಅದೇ ತಮಟೆ ಎಲ್‌ಎಫ್‌ಒ ಅನ್ನು ಕಟಾಫ್ ಜೊತೆಗೆ ವೇವ್‌ಟೇಬಲ್ ಪೊಸಿಷನ್‌ಗೂ ಕಟ್ಟಿದೆ. ಬೇಸ್ "ವೊಯ್ ವೊಯ್" ಅಂತ ಮಾತಾಡಿತು. ದುಡ್ಡು ಕೊಟ್ಟು ತಂದ ಪ್ರೀಸೆಟ್ ಪ್ಯಾಕ್‌ಗಳಲ್ಲಿ ಆ ಸದ್ದು ನನಗಿನ್ನೂ ಸಿಕ್ಕಿಲ್ಲ.

ಗಮಕದ್ದೂ ಒಂದು ಕೈ ನೋಡಿದೆ. ಎಲ್‌ಎಫ್‌ಒ ಅನ್ನು ಪಿಚ್‌ಗೆ ಕಟ್ಟಿದರೆ ಒಂಥರಾ ಕಂಪಿತ ಬರುತ್ತದಲ್ಲ. ಮಿಡ್‌ನಲ್ಲಿ ಚೆನ್ನ. ಸಬ್‌ಗೂ ಹಾಕಿ ಕೇಳಿದರೆ ಹೊಟ್ಟೆ ತೊಳಸಿದ ಹಾಗಾಯಿತು, ತೆಗೆದೆ. ಬ್ರೇಕ್‌ಡೌನ್‌ನಲ್ಲಿ (ಟ್ರ್ಯಾಕ್ ತಣ್ಣಗಾಗುವ ಭಾಗ) ನಾಲ್ಕು ಬಾರ್‌ಗೆ ಮಾತ್ರ ಉಳಿಸಿಕೊಂಡಿದ್ದೇನೆ.

ಪರೀಕ್ಷೆ ನಡೆದದ್ದು ಮಂಡ್ಯದ ಬೀದಿಯಲ್ಲೇ. ರಾತ್ರಿ 10ಕ್ಕೆ ಸೌಂಡ್ ನಿಲ್ಲಬೇಕು. ನನ್ನ ಸರದಿ ಬಂದಾಗ ಒಂಬತ್ತೂವರೆ ದಾಟಿತ್ತು. ಡ್ರಾಪ್ (ಬೇಸ್ ಜೋರಾಗಿ ಬಂದು ಬೀಳುವ ಜಾಗ) ಬಂದಾಗ ತಮಟೆಯವರು ನಿಲ್ಲಿಸದೆ ಅದರ ಮೇಲೆಯೇ ಬಾರಿಸಿದರು. ಎರಡೂ ಒಂದಕ್ಕೊಂದು ಅಂಟಿಕೊಂಡವು. ಸೌಂಡ್ ಅಣ್ಣ ಲಿಮಿಟರ್ ದೀಪ ನೋಡುತ್ತಾ ನಿಂತಿದ್ದರು, ಅದು ಹತ್ತಲೇ ಇಲ್ಲ. "ಈಗ ಸರಿ ಹೋಯ್ತು ಕಣ್ಲಾ" ಅಂದರು. 6 ಸಾವಿರ ಕೈಗೆ ಬಂತು, ಊಟ ಬೇರೆ. ಮೋರ್ಸಿಂಗ್ ಮೇಷ್ಟ್ರಿಗೆ ಅದರಲ್ಲಿ ಸಾವಿರ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ, ಟ್ರ್ಯಾಕ್ ಮಾತ್ರ ಎರಡು ಸಲ ಕೇಳಿದರು.

ಫೈಲ್ ಕೊಡುವಾಗ ಈಗ ಎರಡು ಆವೃತ್ತಿ ಕೊಡುತ್ತೇನೆ, ಎರಡೂ 24 ಬಿಟ್ ವೇವ್. ಒಂದರಲ್ಲಿ ಸಬ್ ಇದ್ದ ಹಾಗೆ, ಇನ್ನೊಂದರಲ್ಲಿ 3 ಡಿಬಿ ಕಡಿಮೆ. ಬಿನ್‌ಗಳನ್ನು ಒಂದರ ಪಕ್ಕ ಒಂದು ಜೋಡಿಸಿದ್ದರೆ ಕಡಿಮೆಯದ್ದು ಹಾಕಿ ಅಂತ ಫೈಲ್ ಹೆಸರಿನಲ್ಲೇ ಬರೆದಿರುತ್ತೇನೆ. ವೈಟಲ್ ಪ್ರೀಸೆಟ್ ಮಾತ್ರ ಸದ್ಯಕ್ಕೆ ಯಾರಿಗೂ ಇಲ್ಲ.