ಫಾರ್ಮ್ಯಾಟ್ ಹೊಡೆಯದೇ ಎದ್ದ ಮೆಷಿನ್: ರಿಜಿಸ್ಟ್ರಿ ಜೊತೆ ನನ್ನ ಗುದ್ದಾಟ

ಮಂಡ್ಯದ ವಿ.ವಿ. ರಸ್ತೆಗೆ ಬಂದು ಸೇರುವ ಅಡ್ಡರಸ್ತೆಯೊಂದರಲ್ಲಿ 2009ರಿಂದ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ನಮ್ಮ ಸಾಲಿನಲ್ಲಿ ಎಂಥ ಮೆಷಿನ್ ಬಂದರೂ ಮದ್ದು ಒಂದೇ: "ಫಾರ್ಮ್ಯಾಟ್ ಹೊಡಿ." ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು, ಅಷ್ಟೆ. ಐನೂರು ರೂಪಾಯಿ, ಮೂರು ಗಂಟೆ, ತಲೆನೋವಿಲ್ಲ. ನಾನೂ ಹೊಡೆದಿದ್ದೀನಿ, ಸುಳ್ಳು ಹೇಳಲ್ಲ. ಆದರೆ ಹೋದ ಸಂಕ್ರಾಂತಿ ಆಸುಪಾಸಿನಲ್ಲಿ ಬೆಲ್ಲದ ಮಂಡಿಯೊಂದರ ಮೆಷಿನ್ನನ್ನು ಫಾರ್ಮ್ಯಾಟ್ ಇಲ್ಲದೆ ಎಬ್ಬಿಸಿ ಕಳಿಸಿದ ಮೇಲೆ, ಆವತ್ತಿನವರೆಗೆ ನಗುತ್ತಿದ್ದವರೆಲ್ಲ "ಅದೆಂಗ್ ಮಾಡ್ದೆ ಹೇಳ್ಲಾ" ಅಂತ ಕೇಳೋಕೆ ಶುರು ಮಾಡಿದರು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆದುಬಿಡ್ತಿದ್ದೀನಿ. ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್ ಎಲ್ಲ ಬರೆದಿಟ್ಟುಕೊಳ್ಳೋ ಪುಸ್ತಕ; ಅದರ ಫೋಲ್ಡರಿಗೆ ಕೀ ಅಂತಾರೆ, ಒಳಗಿನ ನಮೂದಿಗೆ ವ್ಯಾಲ್ಯೂ. ಅದನ್ನು ತಿದ್ದೋ ರೆಜ್‌ಎಡಿಟ್ ತೆಗೆಯೋದು ಹೇಗೆ ಅನ್ನೋದು ನಿಮಗೆ ಗೊತ್ತು ಅಂತಲೇ ಇಟ್ಟುಕೊಂಡಿದ್ದೀನಿ.

ಮೊದಲು ಕೆಟ್ಟ ಕಥೆಗಳು. 2011 ಇರಬೇಕು, ಒಂದು ಡಿಟಿಪಿ ಸೆಂಟರ್‌ನ ವಿಂಡೋಸ್ 7 ಮೆಷಿನ್‌ನಲ್ಲಿ ಡಿವಿಡಿ ಡ್ರೈವ್ ಮಾಯ. ಇದರ ಮದ್ದು ನಮ್ಮವರಿಗೆಲ್ಲ ಬಾಯಿಪಾಠ: ಡಿವೈಸ್ ಬಗೆಗಳೆಲ್ಲ ಇರೋ ಕ್ಲಾಸ್ ಕೀ ಒಳಗೆ ಡಿವಿಡಿಯ ಉದ್ದನೆ ನಂಬರ್ ಹುಡುಕು, ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಅನ್ನೋ ಡ್ರೈವರ್ ಪಟ್ಟಿ ಎರಡನ್ನೂ ಅಳಿಸು, ರೀಸ್ಟಾರ್ಟ್ ಮಾಡು. ಆ ನಂಬರು 4ಡಿ36ಇ965 ಅಂತ ಶುರುವಾಗುತ್ತೆ. ಕೀಬೋರ್ಡಿನದು 4ಡಿ36ಇ96ಬಿ. ನನ್ನ ಕಣ್ಣು ಏಳನೇ ಅಕ್ಷರಕ್ಕೇ ನಿಂತುಬಿಡ್ತು, ಎಂಟನೆಯದನ್ನು ನೋಡಲಿಲ್ಲ. ಕೀಬೋರ್ಡ್ ಕ್ಲಾಸಿನ ಅಪ್ಪರ್‌ಫಿಲ್ಟರ್ಸ್ ಅಳಿಸಿ ರೀಸ್ಟಾರ್ಟ್ ಒತ್ತಿದೆ. ಪಾಸ್‌ವರ್ಡ್ ಕೇಳ್ತಿದೆ, ಹೊಡೆಯೋಕೆ ಕೀಬೋರ್ಡ್ ಇಲ್ಲ. ಮೂರು ಕೀಬೋರ್ಡ್ ಬದಲಾಯಿಸಿ ನೋಡಿದೆ, ಯಾವುದಕ್ಕೂ ಜೀವ ಇಲ್ಲ. ಲಾಗಿನ್ ಪರದೆಯ ಮೂಲೆಯಲ್ಲೇ ಆನ್‌ಸ್ಕ್ರೀನ್ ಕೀಬೋರ್ಡ್ ಇರುತ್ತೆ, ಮೌಸ್‌ನಲ್ಲೇ ಪಾಸ್‌ವರ್ಡ್ ಒತ್ತಿ ಒಳಗೆ ಹೋಗಿ 'ಕೆಬಿಡಿಕ್ಲಾಸ್' ಅಂತ ಕೀಬೋರ್ಡ್ ಡ್ರೈವರಿನ ಹೆಸರು, ಒಂದೇ ಪದ, ವಾಪಸ್ ಬರೆದಿದ್ದರೆ ಮುಗೀತಿತ್ತು ಅನ್ನೋದು ಆಮೇಲೆ ಹೊಳೀತು. ಆವತ್ತು ಫಾರ್ಮ್ಯಾಟೇ ಹೊಡೆದೆ, ದುಡ್ಡೂ ಕೇಳಲಿಲ್ಲ. ಆ ಗಿರಾಕಿ ಇವತ್ತಿಗೂ ನನ್ನ ಅಂಗಡಿ ದಾಟಿಕೊಂಡು ಬೇರೆಯವರ ಹತ್ತಿರ ಹೋಗ್ತಾರೆ.

ಆ ಮೇಲೆ ಬುದ್ಧಿ ಬಂತು ಅಂದುಕೊಂಡು, ಕೈ ಹಾಕೋ ಮುಂಚೆ ಕೀ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳೋ ಅಭ್ಯಾಸ ಮಾಡಿಕೊಂಡೆ. ಒಳ್ಳೇದೇ, ಆದರೆ ಅರ್ಧ ಒಳ್ಳೇದು. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಹಳೇ ವ್ಯಾಲ್ಯೂಗಳು ವಾಪಸ್ ಬರುತ್ತವೆ, ನಿಜ. ನಡುವೆ ಹೊಸದಾಗಿ ಹುಟ್ಟಿದ ಕೀ, ವ್ಯಾಲ್ಯೂಗಳು ಹಾಗೇ ಕೂತಿರುತ್ತವೆ. ಹಿಂದಕ್ಕೆ ಹೋದೆ ಅಂತ ನಾವು ಅಂದುಕೊಳ್ತೀವಿ, ಅದು ಬೆರೆಸಿರುತ್ತೆ ಅಷ್ಟೆ. ಇದು ಅರ್ಥ ಆಗೋಕೆ ನನಗೆ ಒಂದು ಪ್ರಿಂಟರ್, ಎರಡು ದಿನ, ಸುಮಾರು ಸಾವಿರದೈನೂರು ರೂಪಾಯಿ ಬೇಕಾಯ್ತು.

ನಿಜವಾದ ಪೆಟ್ಟು ಬಿದ್ದಿದ್ದು 2019ರಲ್ಲಿ. ವಕೀಲರೊಬ್ಬರ ವಿಂಡೋಸ್ 10 ಮೆಷಿನ್ ಬೂಟ್ ಆಗ್ತಿರಲಿಲ್ಲ. ವಿಡಿಯೊದಲ್ಲಿ ಒಬ್ಬ ಪುಣ್ಯಾತ್ಮ ಹೇಳಿದ್ದ: ಸಿಸ್ಟಮ್32ರ ಕಾನ್ಫಿಗ್ ಫೋಲ್ಡರ್ ಒಳಗೆ ರೆಗ್‌ಬ್ಯಾಕ್ ಅಂತ ಇದೆ, ಅಲ್ಲಿರೋ ಐದು ರಿಜಿಸ್ಟ್ರಿ ಬ್ಯಾಕಪ್ ಫೈಲನ್ನು ಆಚೆ ಕಾಪಿ ಮಾಡಿ, ಮೆಷಿನ್ ಎದ್ದು ಕೂರುತ್ತೆ. ವಿಂಡೋಸ್ 7ರಲ್ಲಿ ಅದೇ ಕೆಲಸ ಮಾಡಿ ನಾನೇ ದುಡ್ಡು ಎಣಿಸಿದ್ದೆ. ಫೈಲಿನ ಹೆಸರು ನೋಡಿದೆ, ಸೈಜ್ ನೋಡಲಿಲ್ಲ. ಕಾಪಿ ಹೊಡೆದೆ. ಐದಕ್ಕೆ ಐದೂ ಸೊನ್ನೆ ಕೆಬಿ! ವಿಂಡೋಸ್ 10ರ 1803 ವರ್ಷನ್‌ನಿಂದ ಮೈಕ್ರೋಸಾಫ್ಟ್ ಆ ಬ್ಯಾಕಪ್ಪನ್ನೇ ನಿಲ್ಲಿಸಿಬಿಟ್ಟಿದೆ, ಖಾಲಿ ಫೈಲುಗಳನ್ನು ಮಾತ್ರ ಇಟ್ಟಿರುತ್ತೆ. ಉಸಿರಾಡ್ತಿದ್ದ ರಿಜಿಸ್ಟ್ರಿಯ ಮೇಲೆ ನಾನೇ ನನ್ನ ಕೈಯಾರೆ ಸೊನ್ನೆ ಎಳೆದಿದ್ದೆ. ಮೂಲ ಫೈಲುಗಳನ್ನು ಪಕ್ಕಕ್ಕೆ ಎತ್ತಿಡೋ ಐದು ನಿಮಿಷದ ಕೆಲಸವನ್ನೂ ಮಾಡಿರಲಿಲ್ಲ. ಡಾಟಾ ಉಳೀತು, ಆದರೆ ಅವರ ಸಾಫ್ಟ್‌ವೇರುಗಳನ್ನೆಲ್ಲ ಮತ್ತೆ ಹಾಕಿಸಿಕೊಡೋಕೆ ಕೈಯಿಂದ ಎಂಟು ಸಾವಿರದ ಹತ್ತಿರ ಹೋಯ್ತು. ನನ್ನ ಹೆಂಡತಿಗೆ ಇವತ್ತಿಗೂ ಮೂರು ಸಾವಿರ ಅಂತಲೇ ಹೇಳಿರೋದು.

ಎರಡು ಅಂಗಡಿ ಆಚೆಯ ಅಣ್ಣ, ಈ ಕೆಲಸದಲ್ಲಿ ನನಗಿಂತ ಹಿರಿಯ, ಆವತ್ತು ಟೀ ಕುಡೀತಾ ಅಂದ: "ರಿಜಿಸ್ಟ್ರಿಗೆ ಕೈ ಹಾಕದೂ ಹುತ್ತಕ್ಕೆ ಕೈ ಹಾಕದೂ ಒಂದೇ ಕಣ್ಲಾ. ಸುಮ್ಕೆ ಫಾರ್ಮ್ಯಾಟ್ ಹೊಡ್ದು ದುಡ್ಡೀಸ್ಕೊ."

ಹಟ ಹುಟ್ಟಿದ್ದೇ ಅಲ್ಲಿಂದ. ಕೆಟ್ಟ ಮೆಷಿನ್ ಒಳಗೆ ಕೂತು ಅದರದೇ ರಿಜಿಸ್ಟ್ರಿ ತಿದ್ದೋದು ಬೇಡ, ಅದರ ಡಿಸ್ಕನ್ನು ಬಿಚ್ಚಿ ತಂದು ನನ್ನ ಬೆಂಚ್ ಮೆಷಿನ್‌ಗೆ ಕೇಬಲ್‌ನಲ್ಲಿ ಸಿಕ್ಕಿಸಿ, ಅದರ ಹೈವ್ (ರಿಜಿಸ್ಟ್ರಿ ಕೂತಿರೋ ಫೈಲ್) ಲೋಡ್ ಮಾಡಿ ತಿದ್ದೋಣ ಅಂತ. ಕೇಬಲ್ ಆಗ ನಾನೂರೈವತ್ತು ರೂಪಾಯಿ. ಅಭ್ಯಾಸಕ್ಕೆ ಗುಜರಿ ಡಿಸ್ಕೊಂದಕ್ಕೆ ವಿಂಡೋಸ್ ಹಾಕಿ, ಬೇಕಂತಲೇ ಕೆಡಿಸಿ, ಸರಿ ಮಾಡ್ತಾ ಹೋದೆ. ಒಂದು ಸಂಜೆ ಅದರ ಡಿಸ್ಕ್ ಓದಿಸೋ ಡ್ರೈವರ್, ಸ್ಟೋರ್‌ಎಎಚ್‌ಸಿಐ ಸರ್ವಿಸಿನ ಸ್ಟಾರ್ಟ್ ವ್ಯಾಲ್ಯೂವನ್ನು 4 (ಅಂದರೆ ಬಂದ್) ಮಾಡಿ ಕೆಡಿಸಿದೆ. ಮಾರನೇ ಬೆಳಿಗ್ಗೆ ನೋಡಿದರೆ ಗುಜರಿ ಡಿಸ್ಕ್ ಗಟ್ಟಿಮುಟ್ಟಾಗಿ ಬೂಟ್ ಆಗ್ತಿದೆ, ನನ್ನ ಅಂಗಡಿ ಮೆಷಿನ್ ಬೂಟ್ ಡಿಸ್ಕ್ ಸಿಗಲಿಲ್ಲ ಅನ್ನೋ 7ಬಿ ಬ್ಲೂ ಸ್ಕ್ರೀನ್ ತೋರಿಸ್ತಿದೆ. ಲೋಡ್ ಮಾಡಿದ ಹೈವ್ ಬಿಟ್ಟು, ಅದರ ಕೆಳಗೇ ಇದ್ದ ನನ್ನ ಸ್ವಂತ ಸಿಸ್ಟಮ್ ಕೀ ಒಳಗೆ ಹೋಗಿ ತಿದ್ದಿಬಿಟ್ಟಿದ್ದೆ. ಮಗಳ ಲ್ಯಾಪ್‌ಟಾಪ್ ತಂದು, ನನ್ನ ಡಿಸ್ಕನ್ನು ಅದಕ್ಕೆ ಸಿಕ್ಕಿಸಿ, ಹೈವ್ ಲೋಡ್ ಮಾಡಿ 4ನ್ನು 0 ಮಾಡಿದೆ. ಎದ್ದಿತು. ಈ ಪದ್ಧತಿಯ ಮೊದಲ ಗಿರಾಕಿ ನಾನೇ.

ಆವತ್ತಿನಿಂದ ಲೋಡ್ ಮಾಡೋ ಹೈವ್‌ಗೆ ಇಡೋ ಹೆಸರು 'ಎಎಎ'ಯಿಂದಲೇ ಶುರು. ಪಟ್ಟಿಯ ನೆತ್ತಿ ಮೇಲೆ ಕೂರುತ್ತೆ, ನನ್ನ ಸಿಸ್ಟಮ್ ಎಲ್ಲೋ ಕೆಳಗೆ ಬಿದ್ದಿರುತ್ತೆ. ಕೇಬಲ್ ಇಲ್ಲದೆ ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ ಅಲ್ಲಿಂದ ರೆಜ್‌ಎಡಿಟ್ ತೆಗೆಯೋರಿಗೂ ಇದೇ ಮಾತು. ಅಲ್ಲಿ ಕಣ್ಣಿಗೆ ಕಾಣೋ ಸಿಸ್ಟಮ್ ಕೀ ಪೆನ್‌ಡ್ರೈವಿನದು, ಗಿರಾಕಿಯದಲ್ಲ. ಎಷ್ಟೇ ತಿದ್ದಿ, ರೀಸ್ಟಾರ್ಟ್ ಆದರೆ ನೀರಿನ ಮೇಲಿನ ಬರಹ.

ಈಗ ಮಂಡಿ ಮೆಷಿನ್. ಅಸೆಂಬಲ್ ಮಾಡಿದ್ದು, ನಾಲ್ಕನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 10. ಕರೆಂಟ್ ಏರಿಳಿತಕ್ಕೆ ಮದರ್‌ಬೋರ್ಡ್ ಸುಟ್ಟಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸೆಕೆಂಡ್ ಹ್ಯಾಂಡ್ ಎಚ್81 ಬೋರ್ಡ್ ತರಿಸಿದೆ, ಮೂರು ಸಾವಿರದ ಇನ್ನೂರೋ ಏನೋ. ಹಾಕಿದೆ, ಬಯೋಸ್ ಬಂತು, ಡಿಸ್ಕ್ ಕಾಣ್ತು, ವಿಂಡೋಸ್ ಲೋಗೊ ಬಂತು. ಆಮೇಲೆ 7ಬಿ. ಹಳೇ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸೋ ಸಾಟಾ ಪೋರ್ಟ್ ರೇಡ್ ಮೋಡ್‌ನಲ್ಲಿತ್ತು, ಎಚ್81ಗೆ ರೇಡೇ ಇಲ್ಲ, ಎಎಚ್‌ಸಿಐ ಮೋಡ್‌ನಲ್ಲಿ ಓಡಬೇಕು. ಸೇಫ್ ಮೋಡ್‌ಗೆ ಹೋದರೆ ತಾನಾಗೇ ಸರಿಹೋಗುತ್ತೆ ಅಂತ ನೀವು ಹೇಳ್ತೀರಿ. ಈ ಡಿಸ್ಕ್ ಅಲ್ಲಿವರೆಗೂ ಹೋಗಲಿಲ್ಲ.

ಯಜಮಾನರು ಬಂದು ಸ್ಟೂಲ್ ಮೇಲೆ ಕೂತರು. "ಅದ್ರೊಳ್ಗೆ ಎಂಟ್ ವರ್ಸದ ಲೆಕ್ಕ ಅದೆ ಕಣಪ್ಪ. ಮುಂಗಡ ಈಸ್ಕಂಡೋರು, ಬಾಕಿ ಮಡಗಿರೋರು, ಎಲ್ಲಾ ಅದ್ರಲ್ಲೇ. ಅದೇನ್ ಮಾಡಿಯೋ, ಅಳ್ಸಬ್ಯಾಡ."

"ಲೆಕ್ಕ ಎಲ್ಲೂ ಹೋಗಲ್ಲ ಯಜಮಾನ್ರೇ, ಆ ಬಿಲ್ಲಿಂಗ್ ಸಾಫ್ಟ್‌ವೇರ್ ಸೀಡಿ ಇದೆಯಾ?"

"ಮಾಡ್ಕೊಟ್ಟ ಹುಡ್ಗನೇ ಇಲ್ಲ, ಸೀಡಿ ಎಲ್ಲಿಂದ ತರ್ಲಿ?"

ಡಾಟಾ ಫೈಲು ಕಾಪಿ ಮಾಡಬಹುದು, ಆದರೆ ಅದನ್ನು ಓದೋ ಸಾಫ್ಟ್‌ವೇರಿನ ಲೈಸೆನ್ಸ್ ಕೂತಿರೋದು ರಿಜಿಸ್ಟ್ರಿಯಲ್ಲಿ. ಫಾರ್ಮ್ಯಾಟ್ ಹೊಡೆದರೆ ಎಂಟು ವರ್ಷದ ಲೆಕ್ಕ ಇದ್ದೂ ಇಲ್ಲದಂಗೆ.

ಡಿಸ್ಕ್ ಬೆಂಚ್‌ಗೆ ಬಂತು. ಮೊದಲು ಅದರ ಆರೋಗ್ಯ ನೋಡಿದೆ, ಪರವಾಗಿಲ್ಲ. ಆಮೇಲೆ ಕಾನ್ಫಿಗ್ ಫೋಲ್ಡರಿನ ಐದು ಹೈವ್: ಸಿಸ್ಟಮ್, ಸಾಫ್ಟ್‌ವೇರ್, ಸ್ಯಾಮ್, ಸೆಕ್ಯುರಿಟಿ, ಡಿಫಾಲ್ಟ್. ಜೊತೆಗೆ ಅದೇ ಹೆಸರಿನ ಲಾಗ್1, ಲಾಗ್2 ಫೈಲುಗಳು, ಇವನ್ನು ಬಿಟ್ಟು ಬರೀ ಹೈವ್ ಎತ್ತಿಟ್ಟುಕೊಂಡರೆ ಕೊನೇ ಗಳಿಗೆಯ ಬದಲಾವಣೆಗಳು ಕಾಪಿಯಲ್ಲಿ ಇರದೇ ಹೋಗಬಹುದು. ಎಲ್ಲ ಸೇರಿ ನೂರೈವತ್ತು ಎಂಬಿ ಇತ್ತೇನೋ. ಎರಡು ಕಡೆ ಕಾಪಿ, ಎರಡೂ ಕಡೆ ಸೈಜ್ ನೋಡಿದೆ. ಸೈಜ್ ನೋಡದೆ ಈಗ ನಾನು ಯಾವ ಫೈಲನ್ನೂ ನಂಬಲ್ಲ.

ರೆಜ್‌ಎಡಿಟ್‌ನಲ್ಲಿ ಲೋಕಲ್ ಮೆಷಿನ್ ಮೇಲೆ ನಿಂತು ಹೈವ್ ಲೋಡ್ ಮಾಡಿ 'ಎಎಎ_ಬೆಲ್ಲ' ಅಂತ ಹೆಸರಿಟ್ಟೆ. ಲೋಡ್ ಮಾಡಿದ ಹೈವ್‌ನಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್ ಅನ್ನೋ ಕೀ ಇರಲ್ಲ, ಅದು ಓಡ್ತಿರೋ ವಿಂಡೋಸ್‌ನಲ್ಲಿ ಮಾತ್ರ ಕಾಣೋದು. ಸೆಲೆಕ್ಟ್ ಕೀ ಒಳಗೆ ಕರೆಂಟ್ ಎಷ್ಟು ಅಂತ ನೋಡಬೇಕು. 1 ಇತ್ತು, ಅಂದರೆ ಕಂಟ್ರೋಲ್‌ಸೆಟ್001. ಸರ್ವಿಸಸ್, ಸ್ಟೋರ್‌ಎಎಚ್‌ಸಿಐ, ಸ್ಟಾರ್ಟ್. ವ್ಯಾಲ್ಯೂ 0.

ಸರಿಯಾಗೇ ಇದೆ! ಇಲ್ಲೇ ಎರಡು ರಾತ್ರಿ ಹೋಯ್ತು. 0 ಅಂದರೆ ಬೂಟ್‌ನಲ್ಲೇ ಡ್ರೈವರ್ ಲೋಡ್ ಆಗಬೇಕು, ಮತ್ತೆ ಯಾಕೆ 7ಬಿ? ಬೋರ್ಡ್ ಮೇಲೆ ಅನುಮಾನ ಬಂತು, ಎಸ್.ಪಿ. ರಸ್ತೆಯವನಿಗೆ ಫೋನಿನಲ್ಲಿ ಬೈದದ್ದೂ ಆಯ್ತು, ಪಾಪ. ಮೂರನೇ ರಾತ್ರಿ ಸ್ಟೋರ್‌ಎಎಚ್‌ಸಿಐ ಪಕ್ಕದ ಸಣ್ಣ ಬಾಣ ಒತ್ತಿದೆ. ಅದರೊಳಗೆ ಸ್ಟಾರ್ಟ್‌ಓವರ್‌ರೈಡ್ ಅಂತ ಒಂದು ಮರಿ ಕೀ, ಅದರಲ್ಲಿ '0' ಅನ್ನೋ ಹೆಸರಿನ ವ್ಯಾಲ್ಯೂ, ಬೆಲೆ 3, ಅಂದರೆ ಬೂಟ್‌ನಲ್ಲಿ ಬೇಡ, ಕೇಳಿದಾಗ ಮಾತ್ರ ಲೋಡ್. ಮೇಲೆ 0 ಅಂತ ಬೋರ್ಡ್ ಹಾಕಿಕೊಂಡು ಕೆಳಗೆ 3 ಅಂತ ಕೆಲಸ ಮಾಡ್ತಿದ್ದಾನೆ ಮಹಾರಾಯ. ಈ ವಿಂಡೋಸ್ ಯಾವತ್ತೂ ಎಎಚ್‌ಸಿಐನಲ್ಲಿ ಬೂಟ್ ಆಗಿರಲಿಲ್ಲ, ಬೇಡದ ಡ್ರೈವರ್ ಅಂತ ಮೂಲೆಗೆ ತಳ್ಳಿತ್ತು. 3ನ್ನು 0 ಮಾಡಿದೆ, ಅಷ್ಟೇ. ಒಂದು ಅಂಕಿ.

ಅನ್‌ಲೋಡ್ ಮಾಡೋಕೆ ಹೋದರೆ ಆಗಲ್ಲ ಅಂತು. ಅದರ ಒಳಗಿನ ಕೀ ಮೇಲೇ ನಾವು ನಿಂತಿದ್ದರೆ ಬಿಡಲ್ಲ; ಮಡಚಿ, ಮೇಲಕ್ಕೆ ಬಂದು, ಹೈವ್‌ನ ಹೆಸರಿನ ಮೇಲೆ ನಿಂತು ಅನ್‌ಲೋಡ್ ಮಾಡಬೇಕು. ಇದಕ್ಕೆ ತಾಳ್ಮೆ ಇಲ್ಲದೆ ಹಿಂದೊಮ್ಮೆ ಕೇಬಲ್ ಕಿತ್ತು ಗುಜರಿ ಡಿಸ್ಕಿನ ಹೈವನ್ನೇ ಹಾಳು ಮಾಡಿಕೊಂಡಿದ್ದೆ.

ಡಿಸ್ಕ್ ವಾಪಸ್ ಹಾಕಿ ಪವರ್ ಒತ್ತಿದೆ. ಚುಕ್ಕಿಗಳು ತಿರುಗಿದವು, ತಿರುಗಿದವು, ಡಿವೈಸ್ ಸಿದ್ಧವಾಗ್ತಿದೆ ಅಂತ ಬಂತು. ಟೀ ತರಿಸಿಕೊಂಡು ಕುಡಿಯೋಷ್ಟರಲ್ಲಿ ಡೆಸ್ಕ್‌ಟಾಪ್, ಅದರ ಮೇಲೆ ಯಜಮಾನರ ಮನೆದೇವರ ಫೋಟೊ. ಬಿಲ್ಲಿಂಗ್ ಸಾಫ್ಟ್‌ವೇರ್ ಏನೂ ಆಗಿಲ್ಲ ಅನ್ನೋ ಹಾಗೆ ತೆರೆದುಕೊಳ್ತು. ಬೋರ್ಡಿನ ದುಡ್ಡು ಬಿಟ್ಟು ಎರಡೂವರೆ ಸಾವಿರ ಕೇಳಿದೆ. ಚೌಕಾಸಿ ಮಾಡದೆ ಕೊಟ್ಟರು, ಮೇಲೆ ಐದು ಕೆಜಿ ಅಚ್ಚು ಬೆಲ್ಲ.

ಲೆಕ್ಕ ಹಾಕಿ: ಫಾರ್ಮ್ಯಾಟ್‌ಗೆ ಐನೂರು, ಇದಕ್ಕೆ ಎರಡೂವರೆ ಸಾವಿರ. ಮೂರು ರಾತ್ರಿ ಹೋದದ್ದು ಮೊದಲ ಸಲಕ್ಕೆ ಮಾತ್ರ. ಈಗ ಅದೇ ಕೆಲಸಕ್ಕೆ ನಲವತ್ತು ನಿಮಿಷ. ಹೈವ್‌ಗಳನ್ನು ಕಾಪಿ ಮಾಡಿ, ಸೈಜ್ ಹೋಲಿಸಿ, ಲೋಡ್ ಮಾಡೋವರೆಗೂ ಒಂದು ಬ್ಯಾಚ್ ಫೈಲೇ ಮಾಡಿಕೊಂಡಿದ್ದೀನಿ. ಅದನ್ನು ಕೇಳಬೇಡಿ, ಕೊಡಲ್ಲ. ಟ್ರಸ್ಟೆಡ್ಇನ್‌ಸ್ಟಾಲರ್ ಅನ್ನೋ ವಿಂಡೋಸ್‌ನದೇ ಖಾತೆ ಬೀಗ ಹಾಕಿದ ಕೀಗಳನ್ನು ಒಡೆತನ ಬದಲಾಯಿಸದೆ ತಿದ್ದೋಕೂ ಒಂದು ದಾರಿ ಇದೆ, ಅದೂ ಹೊಟ್ಟೆಪಾಡು.

ಕೊಡೋದು ಏನಂದರೆ, ಎರಡು ವಿಷಯ. ಡಿಸ್ಕ್ ಬಿಚ್ಚೋ ಮುಂಚೆ ಮೆಷಿನ್ ಇನ್ನೂ ಓಡ್ತಿದ್ದರೆ ಶಿಫ್ಟ್ ಒತ್ತಿ ಹಿಡಿದೇ ಶಟ್‌ಡೌನ್ ಮಾಡಿ. ಫಾಸ್ಟ್ ಸ್ಟಾರ್ಟ್‌ಅಪ್ ಇದ್ದರೆ ಮಾಮೂಲಿ ಶಟ್‌ಡೌನ್ ಅರ್ಧ ನಿದ್ದೆ, ನೀವು ಬೆಂಚ್‌ನಲ್ಲಿ ತಿದ್ದಿದ್ದನ್ನು ಎದ್ದ ಮೇಲೆ ಅದು ಹಳೇ ನೆನಪಿನಲ್ಲೇ ಅಳಿಸಿಹಾಕುತ್ತೆ. ಹೊಸ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್‌ನ ಡಿಸ್ಕ್ ಬೀಗ ತೆಗೆಯೋ 48 ಅಂಕಿಯ ರಿಕವರಿ ಕೀ ಗಿರಾಕಿ ಹತ್ತಿರ ಇದೆಯಾ ಅಂತ ಮೊದಲೇ ಕೇಳಿ. ಇನ್ನೊಂದು, ನನ್ನ ಅಂಗಡಿಯಿಂದ ಹೊರಗೆ ಹೋಗೋ ಪ್ರತಿ ಮೆಷಿನ್‌ನಲ್ಲೂ ಸೆಷನ್ ಮ್ಯಾನೇಜರ್ ಕೆಳಗಿನ ಕಾನ್ಫಿಗರೇಷನ್ ಮ್ಯಾನೇಜರ್ ಕೀ ಒಳಗೆ ಎನೇಬಲ್‌ಪೀರಿಯಾಡಿಕ್‌ಬ್ಯಾಕಪ್ ಅಂತ ಅಂಕಿಯ ವ್ಯಾಲ್ಯೂ (ಡಿವರ್ಡ್) ಮಾಡಿ 1 ಕೊಡ್ತೀನಿ. ರೆಗ್‌ಬ್ಯಾಕ್ ಮತ್ತೆ ತುಂಬೋಕೆ ಶುರುವಾಗುತ್ತೆ. ಗಿರಾಕಿಗೆ ಗೊತ್ತೇ ಇರಲ್ಲ, ನಾನೂ ಹೇಳಲ್ಲ.

ನಡುವೆ ಆಟಗಳೂ ಆಡಿದ್ದೀನಿ. ಲ್ಯಾಪ್‌ಟಾಪ್ ಒಂದರ ಬ್ಯಾಕ್‌ಸ್ಪೇಸ್ ಹೋಗಿತ್ತು, ಕೀಬೋರ್ಡ್ ಬದಲಾಯಿಸೋಕೆ ಸಾವಿರದ ನಾನೂರು. ಆ ಹುಡುಗಿ ಕೈಯಲ್ಲಿ ಅಷ್ಟಿರಲಿಲ್ಲ. ಸ್ಕ್ಯಾನ್‌ಕೋಡ್ ಮ್ಯಾಪ್ ಬರೆದು ಕ್ಯಾಪ್ಸ್ ಲಾಕನ್ನೇ ಬ್ಯಾಕ್‌ಸ್ಪೇಸ್ ಮಾಡೋಣ ಅಂತ ಹೊರಟೆ. ಬ್ಯಾಕ್‌ಸ್ಪೇಸ್ 0ಇ, ಕ್ಯಾಪ್ಸ್ ಲಾಕ್ 3ಎ, ಇವು ಆ ಕೀಗಳ ನಂಬರು. ಏನಾಗಬೇಕೋ ಅದು ಮೊದಲು, ಒತ್ತೋ ಕೀ ಆಮೇಲೆ. ನಾನು ತಿರುಗಾಮುರುಗಾ ಬರೆದು, ಕೆಟ್ಟಿದ್ದ ಬ್ಯಾಕ್‌ಸ್ಪೇಸನ್ನು ಕ್ಯಾಪ್ಸ್ ಲಾಕ್ ಮಾಡಿಟ್ಟೆ. ಎರಡನೇ ಸಲಕ್ಕೆ ಸರಿಹೋಯ್ತು, ನೂರು ರೂಪಾಯಿ ತಗೊಂಡೆ. ಇನ್ನೊಮ್ಮೆ ವಿಂಡೋಸ್ ಮೆನು ಎಲ್ಲ ಕನ್ನಡ ಅಕ್ಷರದಲ್ಲಿ ಬರಲಿ ಅಂತ ಫಾಂಟ್‌ಸಬ್‌ಸ್ಟಿಟ್ಯೂಟ್ಸ್‌ನಲ್ಲಿ ಮೆನುವಿನ ಫಾಂಟಾದ ಸೆಗೋ ಯುಐ ಬದಲು ಹಳೇ ನುಡಿ ಫಾಂಟ್ ಕೊಟ್ಟೆ. ಯೂನಿಕೋಡ್ ಅಲ್ಲದ ಫಾಂಟು, ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ತುಂಡುಗಳು. ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್‌ವರೆಗೆ ಎಲ್ಲ ಒತ್ತಕ್ಷರ, ಗುಣಿತದ ಚೂರುಗಳು! ಅಂಗಡಿ ಹುಡುಗ "ಅಣ್ಣೋ, ವಿಂಡೋಸ್ ಬೈತಾ ಅದೆ" ಅಂದ. ಕಾಪಿ ಇತ್ತು, ಹತ್ತು ನಿಮಿಷದಲ್ಲಿ ವಾಪಸ್.

ಹೋದ ವಾರ ಎರಡು ಅಂಗಡಿ ಆಚೆಯ ಅಣ್ಣ ಪೇಪರಿನಲ್ಲಿ ಸುತ್ತಿದ ಒಂದು ಡಿಸ್ಕ್ ತಂದು ಬೆಂಚ್ ಮೇಲೆ ಇಟ್ಟ. "ಇದ್ಯಾಕೋ ಏಳ್ತಿಲ್ಲ ಕಣ್ಲಾ. ನಿನ್ನ ಬೆಲ್ಲದ ಮಂತ್ರ ಹಾಕು." ಅವನ ಎದುರಿಗೇ ಸಿಕ್ಕಿಸಿ ಕಾನ್ಫಿಗ್ ಫೋಲ್ಡರ್ ತೆಗೆದೆ. ಸಿಸ್ಟಮ್, ಸೊನ್ನೆ ಕೆಬಿ. ಸಾಫ್ಟ್‌ವೇರ್, ಸೊನ್ನೆ. ಸ್ಯಾಮ್, ಸೊನ್ನೆ.

"ಅಣ್ಣ, ವಿಡಿಯೊ ನೋಡಿದ್ಯಾ?"

ಮಾತಾಡಲಿಲ್ಲ. ಮೂಲ ಫೈಲು ಎತ್ತಿಟ್ಟಿದ್ದೀಯಾ ಅಂತ ಕೇಳಿದೆ, ಅದಕ್ಕೂ ಇಲ್ಲ. ಡಿಸ್ಕ್ ಬಿಚ್ಚಿ ಅದೇ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟೆ.

"ಸುಮ್ಕೆ ಫಾರ್ಮ್ಯಾಟ್ ಹೊಡಿ ಕಣಣ್ಣ."