ಸದ್ದು ಬಂದ ಕಡೆ ನೋಡಬೇಡಿ

ಯಲಹಂಕದ ಏರ್ ಶೋನಲ್ಲಿ ಪ್ರತಿ ಸಲ ಇದೇ ಕಥೆ. ಭೋರ್ ಅಂತ ಸದ್ದು ಬರುತ್ತದೆ, ನೂರಾರು ಕ್ಯಾಮೆರಾ ಆ ಕಡೆ ತಿರುಗುತ್ತವೆ. ಅಲ್ಲಿ ಬರೀ ಆಕಾಶ.

ಲೆಕ್ಕ ಸುಲಭ. ಗಂಟೆಗೆ 900 ಕಿ.ಮೀ. ಅಂದರೆ ಸೆಕೆಂಡಿಗೆ 250 ಮೀಟರ್. ವಿಮಾನ ಒಂದು ಕಿಲೋಮೀಟರ್ ದೂರ ಇದ್ದರೆ ಅದರ ಸದ್ದು ನಮ್ಮನ್ನು ಮುಟ್ಟಲು ಹತ್ತಿರ ಹತ್ತಿರ ಮೂರು ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಮುಕ್ಕಾಲು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಸದ್ದಿಗಿಂತ ಮುಂದೆ ನೋಡಬೇಕು. ಪೀಣ್ಯದಲ್ಲಿ ಮೂವತ್ತು ವರ್ಷ ಲೇಥ್ ಓಡಿಸಿದವನು ನಾನು. ಮೆಷಿನ್ನಿನ ಸದ್ದು ಕೇಳಿಯೇ ಟೂಲ್ ಸವೆದಿದೆ ಅಂತ ಹೇಳುತ್ತಿದ್ದೆ. ಆದರೆ ವಿಮಾನದ ಫೋಟೋ ಹೊಡೆಯುವ ಈ ಹವ್ಯಾಸದಲ್ಲಿ ಕಿವಿಯನ್ನು ನಂಬಬಾರದು ಅಂತ ಕಲಿಯಲು ಎರಡು ಶೋ ಬೇಕಾಯಿತು.

ಇನ್ನು ನಿಲ್ಲುವ ರೀತಿ. ಇದನ್ನು ಯಾರೂ ಹೇಳಿಕೊಡಲ್ಲ. ಫೋಟೋ ಎಲ್ಲಿ ಹೊಡೆಯಬೇಕು ಅಂತಿದ್ದೀರೋ, ಪಾದ ಆ ದಿಕ್ಕಿಗೆ ಇರಲಿ. ಆಮೇಲೆ ಸೊಂಟದಿಂದ ಮೇಲೆ ಮಾತ್ರ ತಿರುಗಿ, ವಿಮಾನ ಬರುವ ಕಡೆ ನೋಡಿ. ಎಡ ಮೊಣಕೈ ಪಕ್ಕೆಲುಬಿಗೆ ಒತ್ತಿರಲಿ, ಅಂಗೈ ಲೆನ್ಸ್ ಕೆಳಗೆ. ವಿಮಾನ ಬಂದ ಹಾಗೆ ಮೈಯ ತಿರುವು ಬಿಚ್ಚಿಕೊಳ್ಳುತ್ತಾ ಬರುತ್ತದೆ, ಎದುರಿಗೆ ಬಂದಾಗ ನೀವು ನೆಟ್ಟಗೆ ನಿಂತಿರುತ್ತೀರಿ. ಕ್ಲಿಕ್ ಆದ ಮೇಲೂ ನಿಲ್ಲಿಸಬೇಡಿ, ಇನ್ನೊಂದು ಸ್ವಲ್ಪ ತಿರುಗುತ್ತಲೇ ಇರಿ. ಮನೆ ತಾರಸಿ ಮೇಲೆ ನಿಂತು, ಹಾರುವ ಹದ್ದನ್ನು ಕ್ಯಾಮೆರಾದಲ್ಲಿ ಹಿಡಿದು ಅಭ್ಯಾಸ ಮಾಡಿ. ಪಾರಿವಾಳವಾದರೆ ಇನ್ನೂ ಕಷ್ಟ, ಇನ್ನೂ ಒಳ್ಳೆಯದು.

ಜೆಟ್ ಆದರೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಹೆಲಿಕಾಪ್ಟರ್ ಬಂತೋ, ಪೂರ್ತಿ ಉಲ್ಟಾ. ವಾಯುಸೇನೆಯ ಸಾರಂಗ್ ತಂಡದ ಧ್ರುವ ಹೆಲಿಕಾಪ್ಟರನ್ನು 1/2000ದಲ್ಲಿ ಹೊಡೆದರೆ ರೆಕ್ಕೆ ನಿಂತುಬಿಡುತ್ತದೆ, ದಾರ ಕಟ್ಟಿ ನೇತುಹಾಕಿದ ಆಟಿಕೆ ಥರ ಕಾಣುತ್ತದೆ. 1/125ಕ್ಕೆ ಇಳಿಸಿ. ಹತ್ತರಲ್ಲಿ ಎಂಟು ಅಲುಗಿ ಹಾಳಾಗುತ್ತವೆ, ಪರವಾಗಿಲ್ಲ. ಫೋಕಸ್ ಕಂಟಿನ್ಯೂಯಸ್ ಮೋಡಿನಲ್ಲಿರಲಿ, ಅಂದರೆ ವಿಮಾನ ಸರಿದ ಹಾಗೆ ಫೋಕಸ್ ತಾನೇ ಬದಲಾಗುತ್ತಿರಲಿ. ಬೆಳ್ಳಗಿನ ಆಕಾಶದ ಎದುರು ಕ್ಯಾಮೆರಾ ಮೋಸ ಹೋಗಿ ವಿಮಾನವನ್ನು ಕಪ್ಪು ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಎರಡು ಪಟ್ಟು ಆಗುವಷ್ಟು, ಏರಿಸಿ. ಲೆನ್ಸ್ 70-300 ಮಿ.ಮೀ. ಜೂಮ್ ಇದ್ದರೆ ಶುರು ಮಾಡಲು ಸಾಕು, ಸಾಲ ಮಾಡಿ ದೊಡ್ಡದು ಕೊಳ್ಳಬೇಡಿ.

ವಾಯುಸೇನೆಯ ಕಸರತ್ತು ತಂಡ ಸೂರ್ಯಕಿರಣ್‌ನ ಎರಡು ವಿಮಾನ ಎದುರುಬದುರು ಬಂದು ಅಡ್ಡಹಾಯುತ್ತವೆ ನೋಡಿ, ಅಲ್ಲಿ ಆಸೆ ಪಡಬಾರದು. ಒಂದನ್ನೇ ಹಿಡಿಯಿರಿ, ಬಿಡಬೇಡಿ. ಇನ್ನೊಂದು ಅದಾಗಿಯೇ ಫ್ರೇಮಿನೊಳಗೆ ಬರುತ್ತದೆ. ಬರುವ ಮುಂಚೆಯೇ ಬಟನ್ ಒತ್ತಿ ಹಿಡಿದಿರಬೇಕು, ಅಷ್ಟೇ.

ಬಿಸಿಲು ಏರಿದ ಮೇಲೆ ರನ್‌ವೇ ಮೇಲಿನ ಗಾಳಿ ಕಾದು ನಡುಗುತ್ತದೆ. ಆಗ ಟೇಕಾಫ್ ಫೋಟೋ ಎಲ್ಲಾ ನೀರಿನೊಳಗಿನಿಂದ ತೆಗೆದ ಹಾಗೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಔಷಧ ಇಲ್ಲ. ನೆಲದ ಫೋಟೋಗಳನ್ನು ಬೆಳಗ್ಗೆಯೇ ಮುಗಿಸಿ, ಮಧ್ಯಾಹ್ನ ತಲೆ ಮೇಲೆ ಹೋಗುವುದನ್ನು ಮಾತ್ರ ಹೊಡೆಯಿರಿ. ಟೋಪಿ ಮರೀಬೇಡಿ.

ಎಲ್ಲಿ ತೆಗೆಯಬೇಕು ಅನ್ನುವುದೂ ಮುಖ್ಯ. ಯಲಹಂಕದ ಈ ಶೋ, ಏರೋ ಇಂಡಿಯಾ, 1996ರಲ್ಲಿ ಶುರುವಾಯಿತು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಬರೀ ಹಾರಾಟ ನೋಡುವವರಿಗೆ ಎಡಿವಿಎ ಅಂತ ಬೇರೆ ಟಿಕೆಟ್ ಇರುತ್ತದೆ. ನಡುವೆ ಕೈ ತುರಿಸಿದರೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ವಿಮಾನಗಳು ನಿಂತಿರುತ್ತವೆ, ಗೆರೆ, ಆಕಾರ, ಮೂತಿ ಎಲ್ಲಾ ಕಲಿಯಬಹುದು. ಏರ್‌ಫೋರ್ಸ್ ಕಾಂಪೌಂಡ್ ಪಕ್ಕ ಮಾತ್ರ ಕ್ಯಾಮೆರಾ ತೆಗೆಯಲೇಬೇಡಿ. ಅಲ್ಲಿ ಬೋರ್ಡ್ ಸುಮ್ನೆ ಹಾಕಿರಲ್ಲ. ಹೋದ ವಿಮಾನ ಮತ್ತೆ ಬರುತ್ತದೆ, ಠಾಣೆಯಲ್ಲಿ ಕೂತ ಮಧ್ಯಾಹ್ನ ವಾಪಸ್ ಬರಲ್ಲ.

ನನ್ನ ಮೊದಲ ಶೋನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ. 36ರ ರೀಲು, ಎಣಿಸಿ ಎಣಿಸಿ ಹೊಡೆದೆ. ಕೌಂಟರ್ 40 ತೋರಿಸಿತು, ಆದರೂ ರೀಲು ಮುಗಿಯಲಿಲ್ಲ. ಆಗ ಗೊತ್ತಾಯಿತು. ಫಿಲ್ಮಿನ ತುದಿ ಸ್ಪೂಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಲಿವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತಿದೆಯಾ ಅಂತ ನೋಡಿದ್ದರೆ ಸಾಕಿತ್ತು. ಈಗಿನವರಿಗೆ ಅದೇ ಪಾಠ ಬೇರೆ ರೂಪದಲ್ಲಿ: ಮೊದಲ ನಾಲ್ಕು ಫೋಟೋ ಆದ ತಕ್ಷಣ ದೊಡ್ಡದು ಮಾಡಿ ನೋಡಿ, ಕಾರ್ಡಿನಲ್ಲಿ ಕೂತಿದೆಯಾ, ಫೋಕಸ್ ಸರಿ ಇದೆಯಾ ಅಂತ.

ವರ್ಷಗಟ್ಟಲೆ ಮಾಡುವವರು ಒಂದು ನೋಟ್‌ಬುಕ್ ಇಡಿ. ತಾರೀಖು, ಬೆಳಕು, ವಿಮಾನದ ಮೈಮೇಲಿನ ನಂಬರು. ನಮ್ಮ ರಫೇಲ್‌ನಲ್ಲಿ ಎರಡು ಸೀಟಿನದಕ್ಕೆ ‘ಆರ್‌ಬಿ’, ಒಂದೇ ಸೀಟಿನದಕ್ಕೆ ‘ಬಿಎಸ್’. ವಾಯುಸೇನೆ ಮುಖ್ಯಸ್ಥರಾಗಿದ್ದ ಭದೌರಿಯಾ ಮತ್ತು ಧನೋವಾ ಅವರ ಹೆಸರಿನ ಅಕ್ಷರಗಳವು. ಸೂರ್ಯಕಿರಣ್ ತಂಡ 2011ರವರೆಗೆ ಹಾರಿಸಿದ್ದು ನಮ್ಮ ಎಚ್‌ಎಎಲ್‌ನ ಕಿರಣ್, 2015ರಿಂದ ಹಾಕ್. ಯಾವ ಫೋಟೋ ಯಾವ ಕಾಲದ್ದು ಅನ್ನುವುದು ಹೀಗೇ ಗೊತ್ತಾಗುವುದು. ಹಾಳಾದ ಫೋಟೋ ಬಗ್ಗೆಯೂ ಬರೆಯಿರಿ. ನನ್ನ ಪುಸ್ತಕದಲ್ಲಿ 2005ರ ಒಂದು ಸಾಲು ಹೀಗಿದೆ: ‘ಫೆಬ್ರವರಿ, ಕಿರಣ್, 1/1000. ಹೊಗೆ ಚೆನ್ನಾಗಿ ಬಂದಿದೆ. ವಿಮಾನ ಇಲ್ಲ.’